ಹೊಟ್ಟೆಗೆ ಮಾತ್ರ ‘ಆಮೇಲೆ’

ಶುಗರ್ ಎಷ್ಟಿದೆ, ಬಿ.ಪಿ. ಎಷ್ಟಿದೆ, ಮಂಡಿಚಿಪ್ಪು ಎಷ್ಟು ಸವೆದಿದೆ ಎಂಬುದನ್ನೆಲ್ಲ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಒಪ್ಪಿಸುವ ಜನ ನಾವು. ಸ್ಟೆಂಟ್ ಹಾಕಿಸಿಕೊಂಡವರಂತೂ ಖರ್ಚೆಷ್ಟಾಯಿತು, ಇನ್ಶೂರೆನ್ಸಿನವರು ಎಷ್ಟು ಕೊಟ್ಟರು ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಆದರೆ ಮೂರು ದಿನದಿಂದ ಹೊಟ್ಟೆ ಸಾಫಾಗಿಲ್ಲ ಎಂಬ ಸುದ್ದಿ ಮಾತ್ರ ಹೊಸ್ತಿಲು ದಾಟುವುದಿಲ್ಲ. ದಾಟಿದರೂ ‘ಸ್ವಲ್ಪ ಗ್ಯಾಸು’ ಎಂದು ವೇಷ ಮರೆಸಿಕೊಂಡೇ ದಾಟುತ್ತದೆ. 2015ರಲ್ಲಿ ‘ಪೀಕು’ ಬಂದಾಗ ಅಮಿತಾಭ್ ಬಚ್ಚನ್ ಸಿನಿಮಾ ಉದ್ದಕ್ಕೂ ಇದೊಂದನ್ನೇ ಮಾತಾಡಿದರು, ದೆಹಲಿಯಿಂದ ಕೋಲ್ಕತ್ತಾಕ್ಕೆ ಕಾರಿನಲ್ಲಿ ಹೊರಟಾಗ ಕಮೋಡಿನ ಕುರ್ಚಿಯನ್ನೂ ಮೇಲೆ ಕಟ್ಟಿಸಿದರು. ಥಿಯೇಟರಿನಲ್ಲಿ ಹೊಟ್ಟೆ ಹಿಡಿದು ನಕ್ಕವರಲ್ಲಿ ಎಷ್ಟು ಜನ ಬೇರೆ ಕಾರಣಕ್ಕೂ ಹೊಟ್ಟೆ ಹಿಡಿದಿದ್ದರೋ, ಅವರವರಿಗೇ ಗೊತ್ತು.

ಮನೆಯೊಳಗಿನ ಕಥೆ ಬೇರೆ. ಯಜಮಾನರು ಬೆಳಿಗ್ಗೆ ಪೇಪರ್ ಹಿಡಿದು ಒಳಹೋಗಿ, ಸಂಪಾದಕೀಯದವರೆಗೂ ಓದಿ, ಮುಖ ಗಂಟಿಕ್ಕಿಕೊಂಡು ಹೊರಬಂದರೆ ಆ ದಿನ ಯಾರೂ ಅವರ ಹತ್ತಿರ ದುಡ್ಡು ಕೇಳುವುದಿಲ್ಲ.

‘ಆಯ್ತಾ?’

‘ಹ್ಞೂಂ. ಆಯ್ತು ಅನ್ನೋ ಹಾಗೆ ಆಯ್ತು.’

ಇಷ್ಟು ಸಾಕು, ಮನೆಯೇ ಆಸ್ಪತ್ರೆಯಾಗುತ್ತದೆ. ರಾತ್ರಿ ಬಿಸಿಹಾಲಿಗೆ ಒಂದು ಚಮಚ ತುಪ್ಪ ಅನ್ನುತ್ತಾರೆ ಅತ್ತೆ. ಭಾವಮೈದನದು ಇಸಬ್ಗೋಲು, ಎದುರುಮನೆಯವರದು ತ್ರಿಫಲಾ ಚೂರ್ಣ. ವಾಟ್ಸ್ಯಾಪಿನಲ್ಲಿ ಬಂದದ್ದು, ಎದ್ದ ಕೂಡಲೇ ಒಂದು ಲೀಟರ್ ನೀರು. ಸೋದರಮಾವ ಹೆಂಗಸರಿಗೆ ಕೇಳಿಸದ ಹಾಗೆ ಪಕ್ಕಕ್ಕೆ ಕರೆದು ‘ಒಂದು ಬೀಡಿ ಎಳೆದು ನೋಡೋ’ ಅನ್ನುತ್ತಾನೆ. ಗಮನಿಸಿ, ಎಲ್ಲರ ವೈದ್ಯವೂ ಬಾಯಿಂದಲೇ ಶುರು. ತೊಂದರೆ ಇರುವುದು ಊರಿನ ಆ ಕೊನೆಯಲ್ಲಿ, ಔಷಧಿ ಹಾಕುವುದು ಈ ಕೊನೆಯಲ್ಲಿ. ಏನಾದರೂ ನುಂಗದೆ ನಮಗೆ ವಾಸಿಯಾದ ಹಾಗೇ ಅನ್ನಿಸುವುದಿಲ್ಲ. ಹೊಟ್ಟೆ ಪಾಪ ಬೆಳಗ್ಗೆ ಹತ್ತು ನಿಮಿಷ ಬಿಡುವು ಕೇಳುತ್ತಿರುತ್ತದೆ.

ಮೊದಲಿಗೆ, ಇದು ಕಾಯಿಲೆ ಹೌದೋ ಅಲ್ಲವೋ ನೋಡೋಣ. ದಿನಕ್ಕೊಂದು ಸಲ ಆಗಲೇಬೇಕು ಎಂಬುದು ನಾವು ಹುಟ್ಟಿನಿಂದ ಕೇಳಿಕೊಂಡು ಬಂದ ಶಾಸನ. ವೈದ್ಯರು ಅಷ್ಟು ಕಟ್ಟುನಿಟ್ಟಿನವರಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ ಅನ್ನುತ್ತಾರೆ. ವಾರಕ್ಕೆ ಮೂರಕ್ಕಿಂತ ಕಡಿಮೆ ಆಗುವುದು, ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ ತಿಣುಕಬೇಕಾಗುವುದು, ಗಟ್ಟಿಯಾಗಿ ಬರುವುದು, ಇನ್ನೂ ಉಳಿದಿದೆ ಅನ್ನಿಸುವುದು, ಇಂಥವುಗಳಲ್ಲಿ ಎರಡಾದರೂ ಮೂರು ತಿಂಗಳು ಬಿಡದೆ ಕಾಡಿದರೆ ಅದು ಲೆಕ್ಕಕ್ಕೆ ಬರುವ ಮಲಬದ್ಧತೆ. ಹಾಗಾಗಿ ದಿನ ಬಿಟ್ಟು ದಿನ ಸಲೀಸಾಗಿ ಮುಗಿಸಿಕೊಂಡು ಬರುವ ಎಷ್ಟೋ ಜನ ರೋಗವೇ ಇಲ್ಲದೆ ರೋಗಿಗಳಾಗಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 1997ರಲ್ಲಿ ಇದಕ್ಕೊಂದು ಚಿತ್ರಪಟವನ್ನೇ ಪ್ರಕಟಿಸಿದರು. ಏಳು ನಮೂನೆ. ಒಂದನೆಯದು ಹಿಕ್ಕೆಯಂತೆ ಬಿಡಿಬಿಡಿ, ಏಳನೆಯದು ಬರೀ ನೀರು, ಮೂರು–ನಾಲ್ಕು ಉತ್ತಮ. ನಮ್ಮ ಅಜ್ಜಿಯರು ಮೊಮ್ಮಕ್ಕಳ ವಿಷಯದಲ್ಲಿ ಈ ಪರೀಕ್ಷೆಯನ್ನು ಯಾವ ಪಟವೂ ಇಲ್ಲದೆ ಬಾಗಿಲ ಸಂದಿಯಿಂದಲೇ ಮಾಡಿ ಮುಗಿಸುತ್ತಿದ್ದರು.

ಒಳಗೆ ನಡೆಯುವುದೇನೂ ದೊಡ್ಡ ರಹಸ್ಯವಲ್ಲ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ನೀರು ಹೀರುವುದೇ ಕಸುಬು. ಸರಕು ಎಷ್ಟು ಹೊತ್ತು ಅಲ್ಲಿ ತಂಗುತ್ತದೋ ಅಷ್ಟು ಒಣಗುತ್ತದೆ. ನಾವು ನಿದ್ದೆಯಿಂದ ಎದ್ದಾಗ, ಹೊಟ್ಟೆಗೆ ತಿಂಡಿ ಬಿದ್ದಾಗ ಕರುಳೂ ಎಚ್ಚೆತ್ತು ಸರಕನ್ನು ಮುಂದಕ್ಕೆ ತಳ್ಳುತ್ತದೆ. ಕಾಫಿ ಕುಡಿಯದೆ ‘ಬರುವುದಿಲ್ಲ’ ಎನ್ನುವವರನ್ನು ಗೇಲಿ ಮಾಡಬೇಡಿ. ಕಾಫಿ ಹೊಟ್ಟೆಗಿಳಿದ ನಾಲ್ಕೇ ನಿಮಿಷದಲ್ಲಿ ಕೆಲವರ ಕರುಳಿನ ಕೊನೆ ಭಾಗ ಚುರುಕಾಗುವುದನ್ನು 1990ರಲ್ಲೇ ಅಳೆದು ನೋಡಿದ್ದಾರೆ. ಕೆಫೀನ್ ತೆಗೆದ ಕಾಫಿಗೂ ಆ ಗುಣ ಇತ್ತು. ಎರಡನೇ ಲೋಟ ಕೇಳುವವರು ಇದನ್ನು ಮನೆಯಲ್ಲಿ ಧಾರಾಳವಾಗಿ ಬಳಸಿಕೊಳ್ಳಬಹುದು.

ಅಂತೂ ಎಂಟು ಗಂಟೆಯ ಹೊತ್ತಿಗೆ ಒಳಗಿಂದ ಕರೆ ಬರುತ್ತದೆ. ಅದೇ ಹೊತ್ತಿಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತದೆ, ಆಫೀಸಿನ ಕ್ಯಾಬ್ ಗೇಟಿನ ಹತ್ತಿರ ನಿಂತಿರುತ್ತದೆ, ಗ್ಯಾಸ್ ಮೇಲೆ ಕುಕ್ಕರಿನ ಮೂರನೇ ವಿಷಲ್ ಬಾಕಿ ಇರುತ್ತದೆ. ಸಾಲ ಬೇಕಾ ಸಾರ್ ಎಂದು ಕೇಳುವ ಫೋನನ್ನೂ ಎತ್ತಿ ‘ಬೇಡಮ್ಮಾ’ ಎಂದು ಹೇಳುವ ನಾವು ಈ ಕರೆಯನ್ನು ಮಾತ್ರ ಕಟ್ ಮಾಡುತ್ತೇವೆ. ‘ಆಮೇಲೆ.’ ಒಂದೆರಡು ಸಲ ಬಡಿದು ಕರುಳು ಸುಮ್ಮನಾಗುತ್ತದೆ. ಇದೇ ರೂಢಿಯಾದರೆ ಗುದದ್ವಾರದ ಹಿಂದಿನ ಚೀಲ ಹಿಗ್ಗಿ, ತುಂಬಿದರೂ ತುಂಬಿದೆ ಎಂದು ಹೇಳುವುದನ್ನೇ ಬಿಡುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ ಶುರುವಾಗುವುದೇ ತಡೆಯಬಾರದ 13 ವೇಗಗಳಿಂದ. ಮಲ, ಮೂತ್ರ, ಸೀನು, ತೇಗು, ಕಣ್ಣೀರು, ಆಕಳಿಕೆ, ಎಲ್ಲ ಇವೆ. ಮ್ಯಾನೇಜರ್ ಮೀಟಿಂಗಿನಲ್ಲಿ ಇವುಗಳಲ್ಲಿ ಎಷ್ಟನ್ನು ಏಕಕಾಲಕ್ಕೆ ತಡೆಯುತ್ತೇವೆ ಎಂದು ಒಮ್ಮೆ ಎಣಿಸಿ ನೋಡಿ.

ನಗುವಿನ ನಡುವೆ ಇದನ್ನು ನುಂಗಿಕೊಳ್ಳಲಾರೆ: ಹೆಂಗಸರ ವಿಷಯದಲ್ಲಿ ‘ಆಮೇಲೆ’ ಅನ್ನುವುದು ಅವರ ಆಯ್ಕೆಯಲ್ಲ. ಶೌಚಾಲಯ ಇಲ್ಲದ ಊರುಗಳಲ್ಲಿ ಬೆಳಕು ಹರಿಯುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ ಎಂದು ತಲೆಮಾರುಗಳು ಹೊಟ್ಟೆ ಕಟ್ಟಿಕೊಂಡು ಬದುಕಿದವು. ಈಗಲೂ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿಯನ್ನೋ, ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಮಹಿಳಾ ಪೊಲೀಸರನ್ನೋ ಕೇಳಿ. ಹೋಗುವ ಜಾಗ ಇಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಅಂಥವರಿಗೆ ದಿನಾ ಮೂರು ಲೀಟರ್ ನೀರು ಕುಡಿಯಿರಿ ಎಂದು ಬರೆದು ಕಳಿಸುವವರಿಗೆ ಮೊದಲು ಒಂದು ಬೀಗದ ಕೈ ಕೊಡಲು ಹೇಳಬೇಕು.

ಇನ್ನು ಕೂರುವ ಪ್ರಶ್ನೆ. ಅಪಾರ್ಟ್‌ಮೆಂಟುಗಳು ಬಂದ ಮೇಲೆ ‘ಇಂಡಿಯನ್’ ಮನೆಯಿಂದ ಹೊರಬಿದ್ದು ‘ವೆಸ್ಟರ್ನ್’ ಒಂದೇ ಉಳಿದಿದೆ. ಮಂಡಿನೋವಿನವರಿಗೆ ಅದು ವರ, ಸರಿ. ಆದರೆ ಗುದನಾಳವನ್ನು ಮುಂದಕ್ಕೆ ಎಳೆದು ಬಗ್ಗಿಸಿ ಹಿಡಿಯುವ ಸ್ನಾಯುವೊಂದಿದೆ, ಹೆಸರು ಪ್ಯೂಬೋರೆಕ್ಟಾಲಿಸ್. ಕುಕ್ಕರುಗಾಲಲ್ಲಿ ಕೂತಾಗ ಅದು ಸಡಿಲಿ ದಾರಿ ಹೆಚ್ಚು ನೆಟ್ಟಗಾಗುತ್ತದೆ. ಇಸ್ರೇಲಿನಲ್ಲಿ 28 ಜನರನ್ನು ಎರಡೂ ಬಗೆಯಲ್ಲಿ ಕೂರಿಸಿ ಗಡಿಯಾರ ಹಿಡಿದು ನೋಡಿ 2003ರಲ್ಲಿ ಬರೆದರು: ಕುಕ್ಕರುಗಾಲಲ್ಲಿ ಕೂತಾಗ ಅರ್ಧಕ್ಕಿಂತ ಕಡಿಮೆ ಹೊತ್ತು ಸಾಕಾಯಿತು. ಅಮೆರಿಕದ ಯೂಟಾದ ಒಂದು ಕುಟುಂಬ ಕಮೋಡಿನ ಮುಂದೆ ಕಾಲಿಡಲು ಸಣ್ಣ ಮಣೆಯೊಂದನ್ನು ಮಾಡಿ, ‘ಸ್ಕ್ವಾಟಿ ಪಾಟಿ’ ಎಂದು ಹೆಸರಿಟ್ಟು ಶ್ರೀಮಂತವಾಯಿತು. ನಮ್ಮ ಮನೆಗಳಲ್ಲಿ ಊಟದ ಮಣೆಗಳು ಅಟ್ಟದ ಮೇಲೆ ಧೂಳು ತಿನ್ನುತ್ತಾ ಕೂತಿವೆ. ಆದರೆ ಊಟದ ಮಣೆಯನ್ನು ಅಲ್ಲಿಗೆ ಒಯ್ದರೆ ಅಜ್ಜಿಯ ಆತ್ಮ ಒಪ್ಪೀತೆ? ಪ್ಲಾಸ್ಟಿಕ್ ಸ್ಟೂಲೇ ವಾಸಿ.

ತಿನ್ನುವುದನ್ನೂ ಪೂರ್ತಿ ಬಿಡುವ ಹಾಗಿಲ್ಲ. ಬೆಳೆದವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅನ್ನುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಉಣ್ಣುತ್ತಿದ್ದ ಮನೆಯವರು ಪೇಟೆಗೆ ಬಂದು ಬಿಳಿ ಅನ್ನ, ಮೈದಾ ಪರೋಟಕ್ಕೆ ಬಡ್ತಿ ಪಡೆದು, ಆಮೇಲೆ ಅದೇ ನಾರನ್ನು ಮಾಲ್‌ನಲ್ಲಿ ಓಟ್ಸ್ ಎಂದು ದುಬಾರಿಗೆ ಕೊಳ್ಳುತ್ತಾರೆ. ಆಫ್ರಿಕಾದಲ್ಲಿ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಬೇರೆ ಬೇರೆ ಜನರ ಮಲವನ್ನು ತೂಗಿ, ಯಾವ ಊಟಕ್ಕೆ ಎಷ್ಟು ಎಂದು ಲೆಕ್ಕ ಇಟ್ಟು, ನಾರಿನ ಪರ ಜಗತ್ತೆಲ್ಲ ವಾದಿಸಿಕೊಂಡು ತಿರುಗಿದ. ಅವನ ಎಲ್ಲ ವಾದಗಳೂ ನಿಲ್ಲಲಿಲ್ಲ, ನಾರು ಮಾತ್ರ ನಿಂತಿತು. ಒಂದೇ ದಿನ ಹುರಳಿಕಾಳು, ಮೊಳಕೆಕಾಳು ಎಂದು ಮೇಲೆ ಬೀಳಬೇಡಿ, ಪಕ್ಕದಲ್ಲಿ ಮಲಗುವವರ ಗತಿಯನ್ನೂ ಯೋಚಿಸಿ. ನಿಧಾನಕ್ಕೆ ಹೆಚ್ಚಿಸಿ, ಜೊತೆಗೆ ನೀರಿರಲಿ.

ಹರಳೆಣ್ಣೆಯ ಪ್ರಸ್ತಾಪ ಇಲ್ಲದೆ ಈ ಪುರಾಣ ಮುಗಿಯುವುದಿಲ್ಲ. ರಜೆ ಮುಗಿದು ಸ್ಕೂಲು ಶುರುವಾಗುವ ಮುಂಚೆ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು ಭೇದಿಗೆ ಹಾಕುವ ಕಾರ್ಯಕ್ರಮ. ಮನೆಯಲ್ಲಿ ಇದ್ದದ್ದು ಒಂದೇ ಕಕ್ಕಸು ಎಂಬುದನ್ನು ಹಿರಿಯರು ಯೋಚಿಸಿದ್ದೇ ಇಲ್ಲ. ಮಧ್ಯಾಹ್ನ ಬಸವಳಿದು ಬಿದ್ದವರಿಗೆ ಸಾರನ್ನ. ‘ಹೊಟ್ಟೆಯಲ್ಲಿ ನಿಂತದ್ದು ವಿಷವಾಗಿ ರಕ್ತಕ್ಕೆ ಸೇರುತ್ತೆ ಕಣೋ’ ಎಂಬುದು ಅದರ ಹಿಂದಿನ ವಿಜ್ಞಾನ. ಅಜ್ಜಿಯನ್ನು ನೋಡಿ ನಗುವ ಮುಂಚೆ ಲಂಡನ್ನಿನ ಸರ್ ಆರ್ಬತ್‌ನಾಟ್ ಲೇನ್ ಅವರನ್ನು ನೋಡಿ. ಕಳೆದ ಶತಮಾನದ ಆರಂಭದಲ್ಲಿ ಇದೇ ನಂಬಿಕೆಯಿಂದ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ ಹೆಸರಾಂತ ಸರ್ಜನ್ ಅವರು. ಅಜ್ಜಿ ಎಣ್ಣೆಗೇ ನಿಲ್ಲಿಸಿದ್ದು ನಮ್ಮ ಪುಣ್ಯ. ಕಾರ್ನ್ ಫ್ಲೇಕ್ಸ್ ಖ್ಯಾತಿಯ ಡಾಕ್ಟರ್ ಕೆಲಾಗ್ ಅಮೆರಿಕದ ಬ್ಯಾಟಲ್ ಕ್ರೀಕಿನ ತಮ್ಮ ಆರೋಗ್ಯಧಾಮದಲ್ಲಿ ಮೊಸರನ್ನು ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ ಕೊಡಿಸುತ್ತಿದ್ದರು. ಮೊಸರನ್ನಕ್ಕೆ ಪ್ರಾಣ ಬಿಡುವ ನಮಗೂ ಈ ಎರಡನೇ ಬಾಗಿಲು ಹೊಳೆದಿರಲಿಲ್ಲ. ವಿಷ ರಕ್ತಕ್ಕೆ ಸೇರುವ ಆ ವಾದ ಎಂದೋ ಬಿದ್ದುಹೋಗಿದೆ.

ಗಾಂಧೀಜಿಯವರೂ ಆತ್ಮಕಥೆಯಲ್ಲಿ ತಮ್ಮ ಮಲಬದ್ಧತೆಯನ್ನು ಮುಚ್ಚಿಟ್ಟಿಲ್ಲ. ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಮ್ಯಾಂಚೆಸ್ಟರಿನಲ್ಲಿ ‘ಬೆಳಗಿನ ತಿಂಡಿ ಬೇಡ’ ಎಂಬ ಸಂಘ ಹುಟ್ಟಿದ್ದನ್ನು ಓದಿ ತಿಂಡಿ ಬಿಟ್ಟರು. ತಲೆನೋವು ಹೋಯಿತು, ಹೊಟ್ಟೆ ಜಗ್ಗಲಿಲ್ಲ. ಆಮೇಲೆ ಒದ್ದೆ ಮಣ್ಣಿನ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಗುಣ ಕಂಡರು. ಬ್ರಿಟಿಷರಿಗಿಂತ ಮೊದಲು ಅವರು ಸತ್ಯಾಗ್ರಹ ಎದುರಿಸಿದ್ದು ಸ್ವಂತ ಕರುಳಿನಿಂದ ಎಂದರೆ ಅವರೇ ನಕ್ಕಾರು.

ಔಷಧಿಗಳಲ್ಲಿ ಬಡಪಾಯಿ ಇಸಬ್ಗೋಲು. ಗುಜರಾತ್, ರಾಜಸ್ಥಾನದ ಹೊಲಗಳಿಂದ ಬರುವ ಈ ಹೊಟ್ಟು ನೀರು ಕುಡಿದು ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ಒಣಗಿದ್ದನ್ನು ಬಾಯಿಗೆ ಸುರಿದುಕೊಂಡು ಒಂದು ಗುಟುಕು ನೀರು ಕುಡಿದರೆ ಗಂಟಲಲ್ಲೇ ಉಬ್ಬೀತು, ದೊಡ್ಡ ಲೋಟ ಬೇಕು. ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್ ಕರುಳಿಗೆ ನೀರನ್ನು ಎಳೆದು ತರುತ್ತವೆ. ಬಿಸಾಕೊಡಿಲ್, ಸೋನಾಮುಖಿ ಕರುಳಿಗೆ ಚಾಟಿ ಬೀಸುತ್ತವೆ. ‘ಇದು ಆಯುರ್ವೇದಿಕ್, ಏನೂ ಆಗಲ್ಲ’ ಎಂದು ರಾತ್ರಿ ನೆಕ್ಕುವ ಹಲವು ಚೂರ್ಣಗಳ ಒಳಗೆ ಇರುವುದೂ ಸೋನಾಮುಖಿಯೇ, ಇಂಗ್ಲಿಷ್ ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುವುದೂ ಅದೇ. ಅಪರೂಪಕ್ಕೆ ಸರಿ, ದಿನಾ ಬೇಕೆನ್ನಿಸಿದರೆ ಡಾಕ್ಟರ ಕಿವಿಗೆ ಹಾಕಬೇಕು. ಬಸುರಿಯರು ಹರಳೆಣ್ಣೆಯನ್ನು ತಾವಾಗಿ ಮುಟ್ಟಲೇಬಾರದು.

ಡಾಕ್ಟರ ಹತ್ತಿರ ಹೋದರೂ ಮಾತಾಡುವುದು ಗಂಡನಲ್ಲ, ಹೆಂಡತಿ. ‘ನಾಲ್ಕು ದಿನಾ ಆಯ್ತು ಡಾಕ್ಟ್ರೇ, ಹೇಳಲ್ಲ ಇವರು.’ ಡಾಕ್ಟರು ಬೇರೆ ಮಾತ್ರೆಗಳ ಚೀಟಿ ಕೇಳುತ್ತಾರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೋಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ಬಿ.ಪಿ. ಮಾತ್ರೆ, ಖಿನ್ನತೆಯ ಮಾತ್ರೆ, ಇವೆಲ್ಲ ಹೊಟ್ಟೆ ಕಟ್ಟಿಸಬಲ್ಲವು. ಥೈರಾಯ್ಡ್ ಕಡಿಮೆಯಾದರೂ, ಶುಗರ್ ಹಳೆಯದಾದರೂ ಕರುಳು ಜಡವಾಗುತ್ತದೆ. ಕೆಲವರಿಗೆ ತಿಣುಕುವಾಗ ಸಡಿಲಬೇಕಾದ ಸ್ನಾಯುವೇ ಬಿಗಿಯುತ್ತದೆ. ಅಂಥವರಿಗೆ ಡಬ್ಬಿ ಡಬ್ಬಿ ಚೂರ್ಣ ತಿನ್ನಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಆ ಸ್ನಾಯುವನ್ನು ಪಳಗಿಸುವ ಬಯೋಫೀಡ್‌ಬ್ಯಾಕ್ ತರಬೇತಿ ಬೇಕು. ರಕ್ತ ಬೀಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ ಪರೀಕ್ಷೆ ಮಾಡಿಸಲೇಬೇಕು, ಮೂಲವ್ಯಾಧಿ ಇರಬೇಕು ಬಿಡಿ ಎಂದು ಕೂರಬಾರದು. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆ. ಉಳಿದಂತೆ, ಬೆಳಿಗ್ಗೆ ತಿಂಡಿಯಾದ ಮೇಲೆ ಹತ್ತು ನಿಮಿಷ, ಕಾಲಡಿಗೆ ಸ್ಟೂಲು, ಕೈಯಲ್ಲಿ ಮೊಬೈಲ್ ಬೇಡ. ಇಷ್ಟನ್ನೂ ಡಾಕ್ಟರು ಬಿಡಿಸಿ ಬಿಡಿಸಿ ಹೇಳುತ್ತಾರೆ.

ಗಂಡ ಎಲ್ಲಕ್ಕೂ ತಲೆಯಾಡಿಸಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಮೊದಲ ಸಲ ಬಾಯಿ ಬಿಡುತ್ತಾನೆ: ‘ಅದಿರಲಿ ಡಾಕ್ಟ್ರೇ, ಬಾಳೆಹಣ್ಣು ಪಚ್ಚಬಾಳೆ ತಿನ್ನಲೋ, ಏಲಕ್ಕಿಬಾಳೆಯೋ?’