ಅವನೊಬ್ಬ ಸಾಕಾ ಮಾರಾಯ್ರೆ?

ಗದ್ದೆ ಕೊಯ್ಲು ಮುಗಿದು ಚಳಿ ಬಿದ್ದಿತೆಂದರೆ ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಎರಡೂ ಬದಿಗೆ ಒಂದೇ ಬೆಳೆ: ಫ್ಲೆಕ್ಸು. ಮೇಲುಗಡೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’. ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ದಾನಿಗಳು, ದಾನ ಕೊಡುತ್ತೇನೆ ಎಂದು ಹೇಳಿದವರು. ಇಷ್ಟು ಮುಖಗಳ ನಡುವೆ ಉಳಿದ ಸಂದಿಯಲ್ಲಿ ಒಬ್ಬ ಆಟಗಾರ ಕಾಲು ಚಾಚಿಕೊಂಡು ನಿಂತಿರುತ್ತಾನೆ. ಅಂವ ಊರಿನವನಲ್ಲ. ಮೊಬೈಲಿನಿಂದ ಇಳಿಸಿಕೊಂಡ ಪವನ್ ಸೆಹ್ರಾವತ್. ದಿಲ್ಲಿ ಕಡೆಯ ಆ ಹುಡುಗನಿಗೆ ಮಂಕಿ ಎಲ್ಲಿ, ಕಾಸರಕೋಡು ಎಲ್ಲಿ, ಮಿರ್ಜಾನ್ ಎಲ್ಲಿ ಎಂದು ಗೊತ್ತಿರಲಿಕ್ಕಿಲ್ಲ. ಆದರೂ ಮೂರೂ ಕಡೆ ಬಿಸಿಲಿಗೆ ಬಣ್ಣ ಹೋಗುವವರೆಗೆ ನಿಂತಿರುತ್ತಾನೆ, ಪಾಪ.

ಊರ ತಂಡದ ರೈಡರ್ ಫೋಟೋವನ್ನೇ ಹಾಕಬಹುದಿತ್ತಲ್ಲ ಎಂದು ಸಮಿತಿಯವರನ್ನು ಕೇಳಿದೆ. ಒಬ್ಬ ತಲೆ ಕೆರೆದುಕೊಂಡ. “ಹಾಕ್ಬಹುದಿತ್ರೀ. ಆದ್ರೆ ಅಂವ ಸಾಕಾ ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ.”

ಆಗುವುದೂ ಇಲ್ಲ. ಅಂವ ಆಡಲು ಶುರುಮಾಡಿದ ದಿನದಿಂದ ಊರಿನಲ್ಲಿ ಇದೇ ವಿಚಾರಣೆ. ಗೆದ್ದ ರಾತ್ರಿ “ಅಂವ ಇದ್ದ, ಹಾಗಾಗಿ ಗೆದ್ದೆವು.” ಸೋತ ರಾತ್ರಿ “ಅಂವ ಇದ್ದ, ಹಾಗಾಗಿ ಸೋತೆವು.” ಉಳಿದ ಆರು ಜನ ಎರಡೂ ರಾತ್ರಿ ಊರಿನಲ್ಲಿ ಇರಲೇ ಇಲ್ಲವೇನೋ ಎನ್ನುವಂತೆ ಮಾತು.

ಹೊನ್ನಾವರದ ಒಂದು ಹೋಟೆಲಿನಲ್ಲಿ ಈ ವಿಚಾರಣೆಯ ಖಾಯಂ ಪೀಠ ಇದೆ. ಸದಸ್ಯರು ಮೂವರು. ಕುಮಟಾದ ನಿವೃತ್ತ ಮಾಸ್ತರು, ಇಲ್ಲಿ ಮಗಳ ಮನೆ ಇರುವುದರಿಂದ ವಾರಕ್ಕೊಮ್ಮೆ ಬರುತ್ತಾರೆ, ಕಷಾಯ ಮಾತ್ರ ಕುಡಿಯುತ್ತಾರೆ. ಇಲ್ಲಿಯದೇ ಒಬ್ಬ ರಿಕ್ಷಾದ ತಮ್ಮ, ಬನ್ಸು ತಿನ್ನುತ್ತಾನೆ, ಬಿಲ್ಲು ಮಾಸ್ತರ ಕಡೆಗೆ ಸರಿಸುತ್ತಾನೆ. ಮೂರನೆಯವನು ದುಬೈಯಿಂದ ರಜೆಯ ಮೇಲೆ ಬಂದ ಭಟ್ಕಳದ ಭಾವ. ಯಾರಿಗೆ ಭಾವ ಎಂದು ವಿಚಾರಿಸಲು ಹೋಗಬೇಡಿ, ಎಲ್ಲರಿಗೂ ಭಾವನೇ.

ಮಾಸ್ತರು ಲೆಕ್ಕದವರು. ಕಿಸೆಯಲ್ಲಿ ಸಣ್ಣ ಪುಸ್ತಕ ಇದೆ. “ನೋಡಿ, ನಿಮ್ಮ ರೈಡರ್ ಮೊನ್ನೆ ತಂದ ಅಂಕದಲ್ಲಿ ಅರ್ಧಕ್ಕೆ ಅರ್ಧ ಬೋನಸ್ಸು. ಎದುರಿಗೆ ಆರು ಜನವೋ ಏಳು ಜನವೋ ಇದ್ದಾಗ ಬೋನಸ್ ಗೆರೆ ದಾಟಿ ಒಂದು ಕಾಲು ಇಟ್ಟು ಓಡಿ ಬರೂದು. ಅಂಕ ಬಂತು, ಒಪ್ಪಿದೆ. ಆದರೆ ಬೋನಸ್ಸಿಗೆ ಎದುರಿನವ ಔಟ್ ಆಗೂದಿಲ್ಲ, ಹೊರಗೆ ಕೂತ ನಮ್ಮವ ಒಳಗೆ ಬರೂದೂ ಇಲ್ಲ. ಬೋರ್ಡಿನಲ್ಲಿ ಅಂಕ ಏರ್ತಾ ಹೋಗ್ತದೆ, ಅಂಗಳದಲ್ಲಿ ಜನ ಇಳೀತಾ ಹೋಗ್ತಾರೆ. ಕಡೆಗೆ ಆಲ್‌ಔಟು. ಎದುರಿನವರಿಗೆ ಎರಡು ಅಂಕ ದಕ್ಷಿಣೆ.”

ರಿಕ್ಷಾದವನಿಗೆ ಈ ಲೆಕ್ಕ ಸೇರುವುದಿಲ್ಲ. “ಮಾಸ್ತರೇ, ನೀವು ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಕಬಡ್ಡಿ ನೋಡ್ತ್ರಿ. ಅಂವ ಒಳಗೆ ಹೋಗುವಾಗ ಎದುರಿನವರ ಮುಖ ನೋಡಿದ್ರಾ? ಏಳೂ ಜನ ಹಿಂದಕ್ಕೆ ಸರೀತಾರೆ. ಅದಕ್ಕೆ ಎಷ್ಟು ಮಾರ್ಕು?”

“ಮಾರ್ಕು ಇಲ್ಲ.”

“ಹಾಂ! ಅದೇ ತಪ್ಪು.”

ಭಾವ ಈ ಹೊತ್ತಿಗೆ ಸರಿಯಾಗಿ ಪ್ರೊ ಕಬಡ್ಡಿ ಎತ್ತುತ್ತಾನೆ. 2014ರ ಜುಲೈಯಲ್ಲಿ ಲೀಗು ಶುರುವಾದಾಗಿನಿಂದ ಅವನು ಬೆಂಗಳೂರು ಬುಲ್ಸ್ ಪಕ್ಷ. ಬುಲ್ಸ್ ಪಕ್ಷ ಎಂದರೆ ವರ್ಷಕ್ಕೊಮ್ಮೆ ಎದೆ ಹಿಡಿದುಕೊಳ್ಳುವವರ ಪಕ್ಷ. “ರೈಡರ್ ಅಂದ್ರೆ ಪವನ್. 2019ರ ಜನವರಿ 5, ಮುಂಬೈ, ಫೈನಲ್. ಒಬ್ಬನೇ 22 ಅಂಕ. 38–33. ಕಪ್ಪು ನಮ್ಮದು. ಎದುರಿಗೆ ಯಾರು? ಗುಜರಾತ್. ಅದಕ್ಕಿಂತ ಹಿಂದಿನ ಸೀಸನ್ನಿನಲ್ಲಿ ಇದೇ ಪವನ್ ಇದೇ ಗುಜರಾತಿನಲ್ಲಿ ಬೆಂಚು ಬಿಸಿ ಮಾಡ್ತಿದ್ದ. ಅವರಿಗೂ ಒಬ್ಬ ಮಾಸ್ತರು ಇದ್ದಿರಬೇಕು, ಇಂವ ಸಾಲೂದಿಲ್ಲ ಅಂತ ಪುಸ್ತಕದಲ್ಲಿ ಬರೆದವ.”

ಮಾಸ್ತರು ಕಷಾಯ ಊದಿ ಒಂದು ಗುಟುಕು ಕುಡಿದರು. ಈ ಸುತ್ತು ಭಾವನಿಗೆ ಹೋಯಿತು ಎಂದು ನಾವೆಲ್ಲ ಒಪ್ಪಿದೆವು. ಗುಜರಾತಿಗೆ ಆ ಬೆಂಚಿನ ಸೀಸನ್ನಿನಲ್ಲಿ ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆಯಾಗಿದ್ದರು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮನೆ ಮಾತು, ಮನೆಯಲ್ಲಿರಲಿ.

ಹೊರಗಿನವರಿಗೆ ಇದೆಲ್ಲ ಅತಿ ಎನ್ನಿಸಬಹುದು. ಈ ಸೀಮೆಯ ಜನರಿಗೆ ಇಂಥ ವಾದದ ಅಭ್ಯಾಸ ಕಬಡ್ಡಿಯಿಂದ ಬಂದದ್ದಲ್ಲ, ಯಕ್ಷಗಾನದಿಂದ ಬಂದದ್ದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಮೇಲೆ ಹೊನ್ನಾವರದ ಸುತ್ತಲಿನ ಮನೆಗಳಲ್ಲಿ ಅಣ್ಣನದು ಶಂಭು ಹೆಗಡೆಯವರ ಕಡೆ, ತಮ್ಮನದು ಚಿಟ್ಟಾಣಿಯವರ ಕಡೆ, ಚಿಕ್ಕಪ್ಪನದು ಮಹಾಬಲ ಹೆಗಡೆಯವರ ಕಡೆ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು ಪಾಯಸ ಬರುವುದರೊಳಗೆ ಮೂರು ಪಕ್ಷ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅಷ್ಟಾದರೂ “ಕುಣಿತ ಹೌದು, ಆದರೆ ಅರ್ಥ?” ಎನ್ನುವವರ ಬಾಯಿ ಮುಚ್ಚಲಿಲ್ಲ. ರಾಷ್ಟ್ರಪತಿಗಳಿಗೆ ದಿಲ್ಲಿಯಲ್ಲಿ ಬಡಗುತಿಟ್ಟಿನ ಸೂಕ್ಷ್ಮ ಎಲ್ಲಿ ಗೊತ್ತಾಗಬೇಕು! ಚಿಟ್ಟಾಣಿಯವರನ್ನೇ ಬಿಡದ ಬಾಯಿ ಒಬ್ಬ ಹತ್ತೊಂಬತ್ತು ವರ್ಷದ ರೈಡರನ್ನು ಬಿಟ್ಟೀತೇ?

ಪೀಠಕ್ಕೆ ಮರಳೋಣ. ಮಾಸ್ತರು ಮುಂದಿನ ವಾರ ಹೋಮ್‌ವರ್ಕ್ ಮಾಡಿಕೊಂಡು ಬಂದಿದ್ದರು.

“ನಿಮ್ಮ ಪವನ್ 2023ರಲ್ಲಿ ಎಷ್ಟಕ್ಕೆ ಹೋದ?”

“ಎರಡು ಕೋಟಿ ಅರವತ್ತು ಲಕ್ಷ. ತೆಲುಗು ಟೈಟಾನ್ಸ್,” ಎಂದ ಭಾವ, ದುಡ್ಡು ತನ್ನ ಖಾತೆಗೆ ಬಿದ್ದ ಗತ್ತಿನಲ್ಲಿ.

“ಅರವತ್ತು ಲಕ್ಷದ ಮೇಲೆ ಐವತ್ತು ಸಾವಿರ ಬಿಟ್ರಿ. ಇರ್ಲಿ. ಟೈಟಾನ್ಸ್ ಎಷ್ಟು ಗೆದ್ದರು?”

ಭಾವ ಚಮಚೆಯಿಂದ ಚಾ ತಿರುವತೊಡಗಿದ. ಸಕ್ಕರೆ ಹಾಕಿಯೇ ಇರಲಿಲ್ಲ.

“22 ಪಂದ್ಯದಲ್ಲಿ ಎರಡು,” ಎಂದರು ಮಾಸ್ತರು. “ಕಟ್ಟಕಡೆಯ ಸ್ಥಾನ. ಹೆಚ್ಚಿನ ಅಂಕ ತಂದವ ಮತ್ತೆ ಅವನೇ. ಈಗ ನಿಮ್ಮ ಬುಲ್ಸಿಗೆ ಬನ್ನಿ. 2024. ಪ್ರದೀಪ್ ನರ್ವಾಲ್ 70 ಲಕ್ಷಕ್ಕೆ ಬಂದ. 2015ರಲ್ಲಿ ಆಟ ಶುರುಮಾಡಿದ್ದೇ ಬುಲ್ಸಿನಲ್ಲಿ, ಆಮೇಲೆ ಪಾಟ್ನಾಕ್ಕೆ ಹೋಗಿ ಮೂರು ಕಪ್ಪು, ಒಂದೇ ಸೀಸನ್ನಿನಲ್ಲಿ 369 ರೈಡ್ ಅಂಕ. ಡುಬ್ಕಿ ಹೊಡೆದು ಆಟಗಾರರ ಕೈಕೆಳಗೆ ನುಸುಳಿ ಬರುವವ. ಅಂಥವ ನಾಯಕನಾಗಿ ತವರಿಗೆ ಬಂದ. ಬುಲ್ಸ್ ಎಷ್ಟು ಗೆದ್ದರು?”

“ಮಾಸ್ತರೇ, ಊಟದ ಹೊತ್ತಾಯ್ತು.”

“22ರಲ್ಲಿ ಎರಡು. ಹನ್ನೆರಡು ತಂಡದಲ್ಲಿ ಹನ್ನೆರಡನೇದು. ಮರುವರ್ಷ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ಅಂವ ಆಟವನ್ನೇ ಬಿಟ್ಟ. 1,800ಕ್ಕೂ ಹೆಚ್ಚು ರೈಡ್ ಅಂಕ ತಂದವನ ಕಥೆ ಇದು.”

ಇಲ್ಲಿ ನಾನು ಬಾಯಿ ಹಾಕಿದೆ. ಮಾಸ್ತರ ಲೆಕ್ಕ ಸರಿ ಇತ್ತು, ಆದರೆ ಅವರು ಅದರಿಂದ ಎಳೆದ ತೀರ್ಪು ಸರಿ ಇರಲಿಲ್ಲ. “ರೈಡರ್ ಸಾಲೂದಿಲ್ಲ” ಎಂಬುದಕ್ಕೆ ಇದು ಸಾಕ್ಷಿ ಎಂದು ಅವರ ವಾದ. ನನಗೆ ಕಾಣುವುದು ಬೇರೆ. ರೈಡರ್ ಸಿಕ್ಕಿಬಿದ್ದರೆ ಹೊರಗೆ ಹೋಗಿ ಕೂರುತ್ತಾನೆ. ತಾನೇ ಎದ್ದು ಬರುವ ಹಾಗಿಲ್ಲ. ಅವನ ತಂಡದವರು ಒಬ್ಬನನ್ನು ಮುಟ್ಟಬೇಕು, ಅಥವಾ ಒಬ್ಬನನ್ನು ಹಿಡಿಯಬೇಕು, ಆಗ ಮೊದಲು ಹೋದವನು ಮೊದಲು ಒಳಗೆ ಬರುತ್ತಾನೆ. ಹಿಡಿಯುವವರು ಗಟ್ಟಿ ಇದ್ದರೆ ಅರ್ಧ ನಿಮಿಷದಲ್ಲಿ ವಾಪಸ್ಸು. ಇಲ್ಲದಿದ್ದರೆ ಎರಡೂವರೆ ಕೋಟಿಯವನೂ ಗೆರೆಯಾಚೆ ಮೊಣಕಾಲು ಮಡಚಿ ಕೂತು ಪಂದ್ಯ ನೋಡುವವನೇ, ನಮ್ಮ ಹಾಗೆ. ನಮಗಾದರೆ ಕೈಯಲ್ಲಿ ಶೇಂಗಾ ಇರುತ್ತದೆ.

“ಅಂದ್ರೆ ಕಾರ್ನರ್ ಸರಿ ಇಲ್ಲ ಅಂತ ನಿಮ್ಮ ಅಭಿಪ್ರಾಯ?” ರಿಕ್ಷಾದವನ ಕಣ್ಣು ಹೊಳೆಯಿತು. ಹೊಸ ಆರೋಪಿ ಸಿಕ್ಕಿದ.

ನಮ್ಮ ತಂಡದ ಎಡ ಕಾರ್ನರಿನ ಹುಡುಗನನ್ನು ನೀವು ನೋಡಬೇಕು. ಬಂದರಿನಲ್ಲಿ ಬೋಟಿಗೆ ಐಸು ತುಂಬುವ ಕೆಲಸ. ಎತ್ತರ ಇಲ್ಲ, ಮೈಕಿನವನು ಅವನ ಹೆಸರನ್ನು ಒಂದು ಸಲವೂ ಸರಿ ಹೇಳಿದ್ದಿಲ್ಲ. ಪಂದ್ಯ ನಡೆಯುವಾಗ ಇಡೀ ಮೈದಾನ ರೈಡರನ ಕೈ ನೋಡುತ್ತದೆ. ಇವನು ಹಿಮ್ಮಡಿ ನೋಡುತ್ತಾನೆ. ಪಕ್ಕದವನ ಬೆರಳು ಹಿಡಿದುಕೊಂಡು, ಬೆನ್ನು ಬಾಗಿಸಿ, ಮೂಲೆಯಲ್ಲಿ ಇದ್ದೂ ಇಲ್ಲದವನ ಹಾಗೆ. ಎದುರಿನವ ಬೋನಸ್ಸಿಗೆ ಕಾಲು ಚಾಚಿದಾಗ ಮೊದಲನೇ ಸಲ ಹೋಗುವುದಿಲ್ಲ, ಎರಡನೇ ಸಲವೂ ಹೋಗುವುದಿಲ್ಲ. ಮೂರನೇ ಸಲ ಆ ಕಾಲಿನ ಮೇಲೆ ಮೈಭಾರ ಬಿತ್ತು ಎನ್ನುವ ಕ್ಷಣಕ್ಕೆ ಬೆರಳು ಬಿಟ್ಟು ಹಾರುತ್ತಾನೆ. ಎರಡೂ ಕೈ ಹಿಮ್ಮಡಿಗೆ, ಗಲ್ಲ ನೆಲಕ್ಕೆ. ಕವರಿನವರು ಬಂದು ಮೇಲೆ ಬೀಳುವುದು ಆಮೇಲೆ. ಎಲ್ಲರೂ ಎದ್ದಾಗ ಅಂವ ಕೆಳಗಿನಿಂದ ಕಡೆಗೆ ಏಳುತ್ತಾನೆ, ಬಾಯಿಯ ಮಣ್ಣು ಉಗಿಯುತ್ತಾನೆ, ಹೊರಗೆ ಕೂತ ರೈಡರನ ಕಡೆ ಕೈ ಮಾಡಿ “ಬಾರಾ” ಎನ್ನುತ್ತಾನೆ. ಮೈಕಿನಲ್ಲಿ ಆಗ ಏನು ಕೇಳಿಸುತ್ತದೆ ಗೊತ್ತಾ? “ಇದೀಗ ಅಂಗಳಕ್ಕೆ ಮರಳುತ್ತಿದ್ದಾರೆ ನಮ್ಮ ನೆಚ್ಚಿನ ರೈಡರ್!” ಸಿಳ್ಳೆಯೋ ಸಿಳ್ಳೆ.

ಭಾವನಿಗೆ ಈ ಮಾತು ನಾಟಿತು. “ಹೌದು ಮಾರಾಯ್ರೆ, ಗಲ್ಫಿಗೆ ಹೋದವನನ್ನೂ ಹೀಗೇ ಕೇಳೂದು. ಎಷ್ಟು ಕಳಿಸಿದ ಅಂತ. ವೀಸಾ ಮುಗಿದು ಕೂತಾಗ ಬಿಡಿಸಿದವ ಯಾರು ಅಂತ ಯಾರೂ ಕೇಳೂದಿಲ್ಲ.” ಎರಡು ನಿಮಿಷ ಗಂಭೀರನಾಗಿದ್ದ. ಆಮೇಲೆ ಮತ್ತೆ ಪವನ್.

ಯಾಕೆಂದರೆ ಅವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಉಳಿದಿತ್ತು: 2023ರ ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಭಾರತ, ಇರಾನ್ 28–28. ಪಂದ್ಯ ಮುಗಿಯಲು ಒಂದೆರಡು ನಿಮಿಷ. ನಾಯಕ ಪವನ್ ಡೂ ಆರ್ ಡೈ ರೈಡಿಗೆ ಹೋದ. ಯಾರನ್ನೂ ಮುಟ್ಟದೆ ಅಂಗಳದ ಅಂಚಿನ ಪಟ್ಟಿಗೆ, ಅಂದರೆ ಲಾಬಿಗೆ, ಕಾಲಿಟ್ಟ. ಹಿಂದೆಯೇ ಇರಾನಿನವರೂ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ಬೆನ್ನು ಹತ್ತಿ ಬಂದವರೂ ಔಟು, ಹೊಸದರಂತೆ ರೈಡರ್ ಒಬ್ಬನೇ ಔಟು. ಯಾವ ನಿಯಮ? ರೆಫರಿಗಳು ಒಮ್ಮೆ ಹೀಗೆ ಅಂದರು, ಒಮ್ಮೆ ಹಾಗೆ ಅಂದರು. ಆಟಗಾರರು ಅಂಗಳದಲ್ಲೇ ಕೂತುಬಿಟ್ಟರು. ಹತ್ತಿರ ಹತ್ತಿರ ಒಂದು ಗಂಟೆ ಆಟ ನಿಂತಿತು. ಕಡೆಗೆ ಭಾರತ 33–29.

ಅಲ್ಲಿ ಆ ವಾದ ಒಂದು ಗಂಟೆಗೆ ಮುಗಿಯಿತು. ಹೊನ್ನಾವರದ ಹೋಟೆಲಿನಲ್ಲಿ ಇನ್ನೂ ನಡೆಯುತ್ತಿದೆ. ಅಂದು ಸಂಜೆ ಎರಡು ಬೆಂಚು ಸರಿಸಿ, ಚಾ ಗ್ಲಾಸುಗಳನ್ನು ಇರಾನಿನ ರಕ್ಷಣೆಯಾಗಿ ಜೋಡಿಸಿ, ಬನ್ಸಿನ ತಟ್ಟೆಯನ್ನು ಲಾಬಿ ಮಾಡಿ, ಉಪ್ಪಿನ ಡಬ್ಬಿಯನ್ನು ಪವನನನ್ನಾಗಿ ನಡೆಸಿ ನೋಡಲಾಯಿತು. ಮಾಸ್ತರು ಹಳೆಯ ನಿಯಮ, ರಿಕ್ಷಾದವ ಹೊಸ ನಿಯಮ. ಭಾವನಿಗೆ ಯಾವ ನಿಯಮವಾದರೂ ಸರಿ, ಪವನ್ ಔಟಾಗಬಾರದು. ಮಾಲೀಕರು ಬಂದು ಉಪ್ಪಿನ ಡಬ್ಬಿಯನ್ನು ಬೇರೆ ಮೇಜಿಗೆ ಒಯ್ದ ಮೇಲೆ ಪಂದ್ಯ ಮುಂದೂಡಲ್ಪಟ್ಟಿತು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ, ಹೋಟೆಲಿನಲ್ಲಿ ಹೇಳಿದರೆ ಕೇಳಿಸಿಕೊಳ್ಳುವವರಿಲ್ಲ. ನಮ್ಮ ಪಕ್ಕದ ಕಾರ್ಕಳದ ಕಡೆಯ ಮಮತಾ ಪೂಜಾರಿ 2010ರಲ್ಲೂ 2014ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು, ರೈಡರ್. ನಮ್ಮ ಫ್ಲೆಕ್ಸುಗಳ ಸಂದಿಯಲ್ಲಿ ಅವರನ್ನು ನಾನು ಕಂಡದ್ದಿಲ್ಲ. ಸಾಕಾ ಸಾಲದಾ ಎಂಬ ವಿಚಾರಣೆಗೂ ಕರೆಯದಷ್ಟು ಮರ್ಯಾದೆ.

ಊರಿನ ರೈಡರ್ ಒಂದು ಸಂಜೆ ಅದೇ ಹೋಟೆಲಿಗೆ ಬಂದ, ಪಾರ್ಸೆಲ್ ಒಯ್ಯಲಿಕ್ಕೆ. ಪೀಠ ತಕ್ಷಣ ಮಳೆ, ಅಡಿಕೆ, ಶರಾವತಿ ಸೇತುವೆಯ ಮೇಲಿನ ಟ್ರಾಫಿಕ್ಕು ಎಂದು ಮಾತು ತಿರುಗಿಸಿತು. ಮಾಸ್ತರಂತೂ “ಏನಾ ತಮ್ಮ, ಚಲೋ ಆಡ್ತೆ ಕಾಣ್” ಎಂದು ಬೆನ್ನು ತಟ್ಟಿದರು. ಅಂವ ನಕ್ಕ. “ನಂದೆಂತ ಇಲ್ರೀ ಸರ್, ಹಿಡಿಯೂಕೆ ಹುಡ್ಗ್ರು ಇದ್ದಾರೆ.” ಅಂವ ಹೊರಟು ಬೈಕು ಚಾಲು ಮಾಡಿದ ಶಬ್ದ ಕೇಳಿದ್ದೇ ತಡ, ರಿಕ್ಷಾದವ ಮುಂದಕ್ಕೆ ಬಾಗಿದ. “ಕೇಳಿದ್ರಾ? ಅವನಿಗೇ ಧೈರ್ಯ ಇಲ್ಲ.” ಮಾಸ್ತರು ಪುಸ್ತಕ ತೆಗೆದರು. ಭಾವ, “ಪವನ್ ಆಗಿದ್ರೆ ಹೀಗೆ ಹೇಳ್ತಿರ್ಲಿಲ್ಲ” ಎಂದ.

ನಾನು ಸಮಿತಿಯವರಿಗೆ ಒಂದು ಸಲಹೆ ಕೊಟ್ಟು ಬಂದಿದ್ದೇನೆ. ಪ್ರತಿ ಪಂದ್ಯಾವಳಿಯಲ್ಲೂ ಬೆಸ್ಟ್ ರೈಡರಿಗೆ ನೆಲದಿಂದ ಸೊಂಟದೆತ್ತರದ ಟ್ರೋಫಿ. ಬೆಸ್ಟ್ ಕ್ಯಾಚರಿಗೆ ಕೊಡುವುದು ಮೇಜಿನ ಮೇಲೆ ಇಟ್ಟರೆ ಹೂದಾನಿಯ ಹಿಂದೆ ಅಡಗುವಂಥದ್ದು. ಈ ಸಲ ಎರಡನ್ನೂ ಅದಲುಬದಲು ಮಾಡಿ ಎಂದೆ. ಅಧ್ಯಕ್ಷರು ಆಲೋಚಿಸಿ ಹೇಳಿದರು: “ಮಾಡ್ಬಹುದು ನೋಡಿ. ಆದ್ರೆ ದೊಡ್ಡ ಟ್ರೋಫಿಯ ದಾನಿ ಮೊದ್ಲೇ ಹೇಳಿಟ್ಟಿದ್ದಾರೆ, ಫೋಟೋ ರೈಡರ್ ಜೊತೆಗೇ ಆಗ್ಬೇಕಂತೆ. ಸಣ್ಣದಕ್ಕೆ ಇನ್ನೂ ದಾನಿ ಸಿಗ್ಲಿಲ್ಲ. ನಿಮ್ಮ ಹೆಸ್ರು ಹಾಕ್ಲಾ?”