ಕಡ್ಡಿರಾಯರು

ಕಡ್ಡಿರಾಯರು ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನುಗ್ಗುವುದು ಟಿವಿಯ ಹಿಂದಕ್ಕೆ. ಬಾಗಿಲಲ್ಲಿ ಬೂಟು ಕಳಚಿ, "ಎಲ್ಲ ಆರಾಮಾ?" ಎಂದು ಕೇಳಿ, ಅದಕ್ಕೆ ಉತ್ತರ ಬರುವಷ್ಟರಲ್ಲಿ ಅವರ ಸೊಂಟದ ಮೇಲಿನ ಭಾಗ ಟಿವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಾಯವಾಗಿರುತ್ತದೆ. ಅಲ್ಲಿಂದಲೇ ಅಶರೀರವಾಣಿ: "ಇದನ್ನ ಟಿವಿಯ ಯುಎಸ್‌ಬಿಗೇ ಸಿಕ್ಕಿಸಿಬಿಟ್ಟಿದೀರಲ್ರೀ! ಕರೆಂಟು ಸಾಲಲ್ಲ ಅದಕ್ಕೆ. ಡಬ್ಬೀಲಿ ಅಡಾಪ್ಟರ್ ಕೊಟ್ಟಿದ್ರಲ್ಲ, ಎಲ್ಲಿ?" ಮದುವೆಮನೆಯಲ್ಲಿ ಜಿಲೇಬಿ ಬಾಯಿಗಿಡುವಾಗ ತನ್ನ ಶುಗರ್ ಡಾಕ್ಟರ ಕಣ್ಣಿಗೆ ಬಿದ್ದವನ ಹಾಗೆ ಮನೆಯ ಯಜಮಾನ ಡ್ರಾಯರುಗಳನ್ನು ತಡಕಾಡತೊಡಗುತ್ತಾನೆ. ಒಳಗೆ ಹುಳಿ ಕುದಿಯುತ್ತಿರುತ್ತದೆ. ಕಡ್ಡಿರಾಯರು ಆ್ಯಪಿನ ಕ್ಯಾಶ್ ಮೆಮೊರಿ ಅಳಿಸುತ್ತಿರುತ್ತಾರೆ.

ಪಾಸ್‌ಪೋರ್ಟಿನಲ್ಲಿ ಅವರಿಗೆ ಬೇರೆ ಹೆಸರಿದೆ. ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿನ ಕನ್ನಡಿಗರಿಗೆ ಅದು ಮರೆತುಹೋಗಿ ಕಾಲವಾಯಿತು. ಟಿವಿಯ ಬೆನ್ನಿಗೆ ಸಿಕ್ಕಿಸುವ ಆ ಬೆರಳುದ್ದದ ಫೈರ್ ಸ್ಟಿಕ್ ಅವರಿಗೆ ಬಿರುದು ಕೊಟ್ಟಿದೆ. ಇಂಥವರು ಎಡಿಸನ್‌ನ ಸ್ವತ್ತೇನಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಟೆಕ್ಸಾಸಿನ ಫ್ರಿಸ್ಕೊ, ಲಂಡನ್ನಿನ ಹ್ಯಾರೋ, ಎಲ್ಲಿ ಹತ್ತು ಕನ್ನಡ ಮನೆಗಳಿವೆಯೋ ಅಲ್ಲಿ ಒಬ್ಬರು ಗ್ಯಾರಂಟಿ. ದುಬೈಯಲ್ಲಿ ಮಾತ್ರ ಈ ತಳಿ ಅಷ್ಟಾಗಿ ಚಿಗುರಿದಂತಿಲ್ಲ. ಅಲ್ಲಿಗೂ ಬೆಂಗಳೂರಿಗೂ ಇರುವ ಸಮಯದ ಅಂತರ ಬರೀ ಒಂದೂವರೆ ಗಂಟೆ. ಅಷ್ಟು ಸಣ್ಣ ಕಷ್ಟಕ್ಕೆಲ್ಲ ಕಡ್ಡಿರಾಯರು ಅವತಾರ ಎತ್ತುವುದಿಲ್ಲ.

ಕಡ್ಡಿ ಬರುವ ಮುಂಚೆ ಅವರು ಡಿಶ್ಶುರಾಯರಾಗಿದ್ದರು. ಅದಕ್ಕೂ ಮುಂಚಿನ ತಲೆಮಾರಿನವರು ಇಂಡಿಯನ್ ದಿನಸಿ ಅಂಗಡಿಯಲ್ಲಿ ತೊಗರಿಬೇಳೆಯ ಜೊತೆಗೆ ಸಿನಿಮಾ ಕ್ಯಾಸೆಟ್ಟನ್ನೂ ಬಾಡಿಗೆಗೆ ತಂದು, ಹತ್ತಾರು ಮನೆ ತಿರುಗಿ ಮಾಸಿದ ಚಿತ್ರದಲ್ಲಿ ನಾಯಕ ಯಾರು, ಖಳನಾಯಕ ಯಾರು ಎಂದು ದನಿಯಿಂದ ಗುರುತಿಸುತ್ತಿದ್ದರು. ಡಿಶ್ಶಿನ ಕಾಲ ಇನ್ನೊಂದು ಬಗೆಯದು. ಬಾಡಿಗೆದಾರ ತನ್ನದೇ ಬಾಲ್ಕನಿಯಲ್ಲಿ ಒಂದು ಮೀಟರಿನೊಳಗಿನ ಡಿಶ್ ಇಟ್ಟುಕೊಂಡರೆ ಮನೆಯೊಡೆಯ ಅಡ್ಡಿ ಮಾಡುವಂತಿಲ್ಲವೆಂದು ಅಮೆರಿಕದ ದೂರಸಂಪರ್ಕ ಆಯೋಗದ ನಿಯಮವಿದೆ, 1999ರಿಂದ ಬಂದದ್ದು. ಆದರೆ ಆ ದೇಶದಲ್ಲಿ ಉಪಗ್ರಹಗಳು ಕಾಣುವುದು ದಕ್ಷಿಣದ ಆಕಾಶದಲ್ಲಿ. ವಾಸ್ತು ನೋಡಿ ಪೂರ್ವಕ್ಕೋ ಉತ್ತರಕ್ಕೋ ಮುಖವಿದ್ದ ಮನೆ ಹಿಡಿದವರೆಲ್ಲ ಯಮನ ದಿಕ್ಕಿನ ಬಾಲ್ಕನಿಗಾಗಿ ಮತ್ತೆ ಮನೆ ಹುಡುಕಬೇಕಾಯಿತು. 2014ರ ನವೆಂಬರಿನಲ್ಲಿ ಅಮೆಜಾನ್ 39 ಡಾಲರಿಗೆ ಕಡ್ಡಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ದಿಕ್ಕಿನ ತಾಪತ್ರಯ ತಪ್ಪಿತು. ಬೇರೆ ತಾಪತ್ರಯಗಳು ಶುರುವಾದವು. ಕಡ್ಡಿರಾಯರಿಗೆ ಬೇಕಾಗಿದ್ದೂ ಅದೇ.

ತಮಾಷೆಯೆಂದರೆ, ಬೆಂಗಳೂರಿನಲ್ಲಿದ್ದಾಗ ಈ ಮನುಷ್ಯ ಟಿವಿ ನೋಡುತ್ತಲೇ ಇರಲಿಲ್ಲ. ಧಾರಾವಾಹಿ ಶುರುವಾದರೆ ಎದ್ದು ವಾಕಿಂಗ್ ಹೋಗುತ್ತಿದ್ದರು, ನ್ಯೂಸ್ ಚಾನೆಲ್ ಹಾಕಿದರೆ ತಲೆನೋವು ಎನ್ನುತ್ತಿದ್ದರು. ಈಗಲೂ ಅವರಿಗೆ ಕಾರ್ಯಕ್ರಮಗಳ ಮೇಲೆ ವಿಶೇಷ ಮೋಹವೇನಿಲ್ಲ. ಬೇಕಾದ ಎಪಿಸೋಡನ್ನು ಬೇಕಾದಾಗ ನೋಡಿಕೊಳ್ಳಬಹುದಲ್ಲ ಎಂದು ಯಾರಾದರೂ ಹೇಳಿದರೆ ಮುಖ ಹುಳ್ಳಗೆ ಮಾಡುತ್ತಾರೆ. ಅವರಿಗೆ ಬೇಕಾದದ್ದು ಲೈವ್. ಅದರಲ್ಲೂ ಅಸಲಿ ಲೈವ್. ಹೊರದೇಶದವರಿಗೆಂದು ಬರುವ ಚಾನೆಲ್ಲಿನಲ್ಲಿ ಧಾರಾವಾಹಿಯೇನೋ ಅದೇ, ನಡುವಿನ ಜಾಹೀರಾತು ಬೇರೆ. ಊರಿಗೆ ದುಡ್ಡು ಕಳಿಸುವ ಕಂಪನಿ, ವೀಸಾ ವಕೀಲರು, ದೇವನಹಳ್ಳಿಯ ಸೈಟು. "ಇದು ನಮ್ಮನ್ನ ನೋಡ್ಕೊಂಡು ಮಾಡಿದ ಚಾನೆಲ್ಲು ಕಣ್ರೀ. ನಾವು ನೋಡ್ಬೇಕಾದ್ದು ಅವರ ಚಾನೆಲ್ಲು" ಎಂಬುದು ಅವರ ವಾದ. ಅಮೆರಿಕದ ಇಂಗ್ಲಿಷ್ ಜಾಹೀರಾತು ಬಂದರೆ ತಕ್ಷಣ ಸದ್ದಡಗಿಸುವವರು, ಚಿಕ್ಕಪೇಟೆಯ ಸೀರೆ ಅಂಗಡಿಯ ಆಷಾಢದ ರಿಯಾಯಿತಿಯನ್ನು ಕಣ್ಣೆವೆಯಿಕ್ಕದೆ ನೋಡುತ್ತಾರೆ. ಅಂಗಡಿ ಎಂಟು ಸಾವಿರ ಮೈಲಿ ಆಚೆ, ರಿಯಾಯಿತಿ ಭಾನುವಾರಕ್ಕೆ ಮುಕ್ತಾಯ.

ನ್ಯೂಸ್ ಚಾನೆಲ್ಲುಗಳ ಉಪಯೋಗವಂತೂ ಅವರು ಹೇಳಿದ ಮೇಲೇ ಗೊತ್ತಾಗಬೇಕು. ಬೇಸಿಗೆಯ ಒಂದು ಬೆಳಗ್ಗೆ 8 ಗಂಟೆಗೆ ಕಾಫಿ ಲೋಟ ಹಿಡಿದು ಕೂತಿದ್ದಾರೆ. ಬೆಂಗಳೂರಿನಲ್ಲಿ ಸಂಜೆ 5.30. ಪರದೆ ತುಂಬ ಕೆಂಪು ಅಕ್ಷರ, ಸಿಲ್ಕ್ ಬೋರ್ಡ್ ಬಳಿ ಮೊಣಕಾಲುದ್ದ ನೀರು. ಕೂಡಲೇ ಗಿರಿನಗರದ ತಮ್ಮನಿಗೆ ಫೋನು. "ಏನೋ, ಮಳೆ ಜೋರಾ?"

"ಎಲ್ಲಿ ಮಳೆ ಅಣ್ಣಾ? ನಾನಿಲ್ಲಿ ಹಪ್ಪಳ ಒಣಗಿಸಿದೀನಿ."

"ತೆಗೆದಿಡೋ ಮಾರಾಯ! ಬರ್ತಾ ಇದೆ."

ಅರ್ಧ ಗಂಟೆಯಲ್ಲಿ ಗಿರಿನಗರಕ್ಕೂ ನಾಲ್ಕು ಹನಿ ಬಿದ್ದರೆ ಮುಗಿಯಿತು. ಆ ದಿನ ಆಫೀಸಿನ ಮೀಟಿಂಗುಗಳಲ್ಲೆಲ್ಲ ಕಡ್ಡಿರಾಯರ ಮುಖದ ಮೇಲೆ ತಾವೇ ಖುದ್ದಾಗಿ ಮಳೆ ಸುರಿಸಿದ ಕಳೆ.

ಇಷ್ಟಾದರೂ "ಇದೆಲ್ಲ ಅಮ್ಮನಿಗೋಸ್ಕರ" ಎಂದೇ ಅವರು ಹೇಳಿಕೊಳ್ಳುವುದು. ಅಮ್ಮ ಮೈಸೂರಿನವರು. ಗೌರಿಹಬ್ಬ ಮುಗಿಸಿಕೊಂಡು ವಿಮಾನ ಹತ್ತಿ, ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಕೊಡುವ ಆರು ತಿಂಗಳು ಕಳೆದು, ಶಿವರಾತ್ರಿಯ ಹೊತ್ತಿಗೆ ಹೊರಡುತ್ತಾರೆ. ಮೈಸೂರಿನ ಸಂಜೆ 7ರ ಧಾರಾವಾಹಿ ಎಡಿಸನ್ನಿಗೆ ಬೆಳಗ್ಗೆ 9.30ಕ್ಕೆ ಬರುತ್ತದೆ. ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿದಿರುತ್ತದೆ, ಪ್ರಶಸ್ತ ಕಾಲ. ನವೆಂಬರಿನ ಮೊದಲ ಭಾನುವಾರ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಸೋಮವಾರದಿಂದ ಧಾರಾವಾಹಿ 8.30ಕ್ಕೆ. ದೇವರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅತ್ತ ಸೊಸೆಗೆ ಯಾರೋ ವಿಷ ಹಾಕುತ್ತಾರೆ. "ಇವರ ಸರ್ಕಾರ ಗಡಿಯಾರ ತಿರುಗಿಸಿದ್ರೆ ನಮ್ಮವರು ಯಾಕೋ ಕಥೆ ಬೇಗ ಶುರುಮಾಡ್ಬೇಕು?" ಎಂದು ಅಮ್ಮ ಕೇಳುತ್ತಾರೆ. ಕಡ್ಡಿರಾಯರು ಕಾಗದದ ಮೇಲೆ ಭೂಮಿ ಬರೆದು, ಸೂರ್ಯನನ್ನು ಬರೆದು ವಿವರಿಸುತ್ತಾರೆ. ಅಮ್ಮ ಪೂಜೆಯನ್ನು ಅರ್ಧ ಗಂಟೆ ಹಿಂದಕ್ಕೆ ಹಾಕಿಕೊಳ್ಳುತ್ತಾರೆ. ದೇವರು ಹೊಂದಿಕೊಂಡುಹೋಗುವವನು.

ರಿಮೋಟಿಗೆ ಮಾತಾಡಿದರೆ ಸಾಕು, ಕೇಳಿದ್ದು ಬರುತ್ತದೆ ಎಂದು ಮಗ ಹೇಳಿಕೊಟ್ಟಿದ್ದಾನೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಲೆಕ್ಸಮ್ಮಾ, ಪುಟ್ಟಕ್ಕನ ಮಕ್ಕಳು ಹಾಕು ತಾಯಿ" ಎನ್ನುತ್ತಾರೆ. ಕನ್ನಡ ಬಾರದ ಅಲೆಕ್ಸಾ ತನಗೆ ತಿಳಿದಂತೆ ಏನೋ ಅರ್ಥಮಾಡಿಕೊಂಡು ಗಾಲ್ಫ್ ಪಾಠದ ವಿಡಿಯೋ ತೋರಿಸುತ್ತಾಳೆ. ಅಮ್ಮನಿಗೆ ಬೇಸರವೇನಿಲ್ಲ. "ಪಾಪ, ಅವಳಿಗೂ ಸಂಸಾರ ಇರತ್ತೆ."

ಮೊಮ್ಮಗಳು ಅಜ್ಜಿಯ ಪಕ್ಕ ಕೂತು ನೋಡಿ ನೋಡಿ ಕನ್ನಡ ಕಲಿತಳು. ಭಾನುವಾರದ ಕನ್ನಡ ತರಗತಿಯ ಮೇಷ್ಟರು "ನಿನ್ನ ಹೆಸರೇನಮ್ಮ?" ಎಂದರೆ, ಹುಡುಗಿ ಗಕ್ಕನೆ ತಿರುಗಿ, ಒಂದು ಹುಬ್ಬು ಮೇಲೆತ್ತಿ, "ನನ್ನ ಹೆಸರು ಕೇಳೋ ಅಧಿಕಾರ ನಿಮಗೆ ಯಾರು ಕೊಟ್ಟರು?" ಎಂದಳು. ಉಚ್ಚಾರಣೆಗೆ ಪೂರ್ತಿ ಅಂಕ ಕೊಡಬೇಕಾಯಿತು.

ಕಡ್ಡಿರಾಯರ ಆಸ್ತಿಯೆಂದರೆ ಒಂದು ಹಳೆಯ ಡೈರಿ. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ', ನಾಲ್ಕು ಮೂಲೆಗೂ ಅರಿಸಿನ, ಒಳಗೆಲ್ಲ ಪಾಸ್‌ವರ್ಡು. ಅದನ್ನು ತಿರುವಿಹಾಕಿದರೆ ಕನ್ನಡ ಟಿವಿಯ ಇತ್ತೀಚಿನ ಚರಿತ್ರೆ ಪೂರ್ತಿ ಸಿಗುತ್ತದೆ. 2015ರಲ್ಲಿ ಈಟಿವಿ ಕನ್ನಡ ಹೊಡೆದುಹಾಕಿ ಕಲರ್ಸ್ ಕನ್ನಡ ಎಂದು ಬರೆದಿದ್ದಾರೆ. 2022ರ ಕೊನೆಗೆ ಹಾಟ್‌ಸ್ಟಾರ್ ಅಮೆರಿಕದ ಅಂಗಡಿ ಮುಚ್ಚಿದ್ದಕ್ಕೆ ಇಡೀ ಪುಟಕ್ಕೆ ಅಡ್ಡಗೀಟು. ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಕರಗಿತು, ಜಿಯೋಸಿನಿಮಾ 2025ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರನ್ನು ಕೂಡಿಕೊಂಡು ಜಿಯೋಹಾಟ್‌ಸ್ಟಾರ್ ಆಯಿತು. ಆ ಪುಟದಲ್ಲಿ ಬಾಣಗಳು ಯಾವ ದಿಕ್ಕಿಗೆ ಹೋಗಿವೆ ಎಂಬುದು ಬರೆದವರಿಗೂ ಈಗ ತಿಳಿಯುವುದಿಲ್ಲ.

ಇದರ ಮೇಲೆ ವಿಪಿಎನ್. ಪ್ರಸಾರದ ಹಕ್ಕನ್ನು ದೇಶ ದೇಶಕ್ಕೂ ಬೇರೆ ಬೇರೆಯಾಗಿ ಮಾರಿರುತ್ತಾರಾದ್ದರಿಂದ, ಆ್ಯಪ್ ಮೊದಲು ನೋಡುವುದು ಮನೆಯ ಇಂಟರ್ನೆಟ್ ವಿಳಾಸ ಯಾವ ದೇಶದ್ದು ಎಂಬುದನ್ನು. ವಿಪಿಎನ್ ಹಾಕಿಕೊಂಡರೆ ಎಡಿಸನ್ನಿನ ಮನೆ ಮುಂಬೈಗೆ ಹೋಗಿ ಕೂರುತ್ತದೆ. ಹೀಗೆ ನೋಡಬಾರದೆಂದು ಆ್ಯಪಿನವರ ಷರತ್ತಿನಲ್ಲಿ ಬರೆದಿರುವುದು ಕಡ್ಡಿರಾಯರಿಗೆ ಗೊತ್ತು. "ಚಂದಾ ಕಟ್ಟೇ ನೋಡ್ತಿದೀನಲ್ರೀ, ಕದ್ದು ನೋಡ್ತಿದೀನಾ?" ಎನ್ನುತ್ತಾರೆ. ಕದ್ದು ನೋಡುವ ದಾರಿಯೂ ಒಮ್ಮೆ ಅವರ ಮನೆ ಬಾಗಿಲಿಗೆ ಬಂದಿತ್ತು. ವರ್ಷಕ್ಕಿಷ್ಟು ಕೊಟ್ಟರೆ ಸಾವಿರಾರು ಚಾನೆಲ್ ತುಂಬಿದ ಕಡ್ಡಿ ಕೊಡುತ್ತೇನೆಂದವನು ದೀಪಾವಳಿಗೆ ದುಡ್ಡು ಎಣಿಸಿಕೊಂಡು ಹೋದ. ಯುಗಾದಿಯ ಹೊತ್ತಿಗೆ ಚಾನೆಲ್ಲೂ ಇಲ್ಲ, ಅವನ ಫೋನ್ ನಂಬರೂ ಇಲ್ಲ. ಆ ಪುಟವನ್ನು ಡೈರಿಯಿಂದಲೇ ಹರಿದುಹಾಕಿದ್ದಾರೆ. ಸಾಲದ್ದಕ್ಕೆ, 2025ರಲ್ಲಿ ಅಮೆಜಾನ್ ಹೊರತಂದ ಹೊಸ ಬಗೆಯ ಕಡ್ಡಿಯೊಂದಕ್ಕೆ ಅದರದೇ ಆ್ಯಪ್ ಅಂಗಡಿಯಿಂದಲ್ಲದೆ ಬೇರೆ ಕಡೆಯಿಂದ ಏನನ್ನೂ ತುಂಬುವಂತಿಲ್ಲ. ಅಬೌಟ್ ಪುಟದಲ್ಲಿ ಏಳು ಸಲ ಒತ್ತಿ ಡೆವಲಪರ್ ಬಾಗಿಲು ತೆರೆಸಿ ಹೊರಗಿನ ಆ್ಯಪ್ ತುಂಬುವುದು ಕಡ್ಡಿರಾಯರ ಬ್ರಹ್ಮಾಸ್ತ್ರ, ಆ ಹೊಸದರ ಮೇಲೆ ಅದು ನಡೆಯುವುದಿಲ್ಲ. ಹಾಗಾಗಿ ಹಳೆಯ ಕಡ್ಡಿಗಳನ್ನು ಅವರು ಈಗ ಅಕ್ಕಿ ಡಬ್ಬದ ಪಕ್ಕ ಜೋಪಾನ ಮಾಡಿಟ್ಟಿದ್ದಾರೆ.

ಇಷ್ಟೆಲ್ಲ ದಾಟಿದ ಮೇಲೂ ಕೊನೆಯ ಗೇಟಿನಲ್ಲಿ ನಿಂತಿರುವುದು ಓಟಿಪಿ. ಅದು ಬರುವುದು ಭಾರತದ ಮೊಬೈಲಿಗೆ. ಆ ಮೊಬೈಲು ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ಅಕ್ಕನ ಗಂಡನ ಕೈಯಲ್ಲಿ. ಭಾವ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಹಿರಿಯ ನಾಗರಿಕರ ಸಂಘದಲ್ಲಿ ತಿಂಗಳಿಗೊಮ್ಮೆ ನಿಂತು, "ಯಾರೇ ಕೇಳಲಿ, ಹೆತ್ತ ಮಗನೇ ಕೇಳಲಿ, ಓಟಿಪಿ ಹೇಳಬೇಡಿ" ಎಂದು ಭಾಷಣ ಮಾಡುವವರು. ಎಡಿಸನ್ನಿನ ಶನಿವಾರ ಮಧ್ಯಾಹ್ನ 3 ಗಂಟೆ ಅವರಿಗೆ ರಾತ್ರಿ 12.30. ಫೋನು ಬಡಿದುಕೊಳ್ಳುತ್ತದೆ.

"ಭಾವ, ಒಂದು ನಂಬರ್ ಬಂದಿರತ್ತೆ ನೋಡಿ."

"ಕನ್ನಡಕ ಎಲ್ಲಿದೆಯೋ ಏನೋ... ತಡಿ... ನಾಲ್ಕು, ಒಂಬತ್ತು... ಅದು ಒಂಬತ್ತೋ ಆರೋ... ಲೇ, ಲೈಟ್ ಹಾಕೇ..."

ಲೈಟು ಹತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಎರಡನೆಯದು ಬರುತ್ತದೆ. ಭಾವ ಮೊದಲನೆಯದನ್ನೇ ಮತ್ತೆ ಓದುತ್ತಾರೆ. ಮೂರನೆಯದಕ್ಕೆ ಅಕ್ಕ ಎದ್ದು ಬಂದು ಫೋನು ಕಿತ್ತುಕೊಂಡು, ಆರೂ ಅಂಕಿಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿ, ಅದೇ ಉಸಿರಿನಲ್ಲಿ "ಊಟ ಆಯ್ತಾ?" ಎಂದು ಕೇಳುತ್ತಾರೆ.

ಕಡ್ಡಿರಾಯರ ಪ್ರತಿಷ್ಠೆಗೆ ದೊಡ್ಡ ಪರೀಕ್ಷೆ ವಿಜಯದಶಮಿ. ಜಂಬೂಸವಾರಿ ಮೈಸೂರಿನಲ್ಲಿ ಸಂಜೆಯ ಹೊತ್ತು, ಎಡಿಸನ್ನಿನಲ್ಲಿ ಬೆಳ್ಳಂಬೆಳಗ್ಗೆ. ಪರಿಚಯದ ಮನೆಗಳಿಗೆಲ್ಲ ಕರೆ ಹೋಗಿರುತ್ತದೆ. 6 ಗಂಟೆಗೆ ಉಪ್ಪಿಟ್ಟು, ಕಾಫಿ, ದೊಡ್ಡ ಪರದೆ. ರೇಷ್ಮೆ ಪಂಚೆ ಉಟ್ಟ ಕಡ್ಡಿರಾಯರು ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಒಂದು ಸಲ ಸ್ತಬ್ಧಚಿತ್ರಗಳೆಲ್ಲ ಸಲೀಸಾಗಿ ಸಾಗಿದವು. ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಅರಮನೆಯ ಅಂಗಳಕ್ಕೆ ಬಂದ, ಜನ ಸೋಫಾ ಬಿಟ್ಟು ಎದ್ದು ನಿಂತರು, ಆನೆ ಮುಂಗಾಲು ಎತ್ತಿತು. ಎತ್ತಿದ ಕಾಲು ಕೆಳಗಿಳಿಯಲಿಲ್ಲ. ಅದರ ಮೇಲೊಂದು ಚಕ್ರ ಮೂಡಿ ತಿರುಗತೊಡಗಿತು. ಕಡ್ಡಿರಾಯರು ಸೆಲೆಕ್ಟ್ ಮತ್ತು ಪ್ಲೇ ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದು ಐದು ಎಣಿಸಿದರು. ಕಡ್ಡಿ ಸತ್ತು ಹುಟ್ಟುವುದರೊಳಗೆ, ಮೂಲೆಯಲ್ಲಿದ್ದ ಕಾಲೇಜು ಹುಡುಗಿ ತನ್ನ ಫೋನಿನಲ್ಲಿ ಯೂಟ್ಯೂಬ್ ತೆರೆದಳು. ಚಂದನದ ನೇರಪ್ರಸಾರ. ಪುಕ್ಕಟೆ, ಓಟಿಪಿಯಿಲ್ಲ, ಮುಂಬೈಯಿಲ್ಲ. ಇಡೀ ಸಭೆ ಅಂಗೈಯಗಲದ ಪರದೆಯ ಸುತ್ತ ಬಗ್ಗಿತು.

"ಅದು ಮೊಬೈಲು" ಎಂದರು ಕಡ್ಡಿರಾಯರು, ದೊಡ್ಡ ಪರದೆಯ ಮುಂದೆ ಒಬ್ಬರೇ ನಿಂತು.

ಕ್ರಿಕೆಟ್ಟಿನ ಕಥೆ ಇನ್ನೂ ಕಠೋರ. ಇಂಟರ್ನೆಟ್ಟಿನ ಲೈವ್ ಎಂಬುದು ಪೂರ್ತಿ ಲೈವ್ ಅಲ್ಲ. ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ, ಕಡ್ಡಿ ನಾಲ್ಕಾರು ತುಂಡು ಕೂಡಿಟ್ಟುಕೊಂಡು ಆಮೇಲೆ ಬಡಿಸುತ್ತದೆ, ಅರ್ಧ ನಿಮಿಷದಷ್ಟು ಹಿಂದೆ ಬಿದ್ದಿರುತ್ತದೆ. 2025ರ ಜೂನ್ 3, ಮಂಗಳವಾರ, ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ ಕೂತ ಕಡ್ಡಿರಾಯರ ಮುಂದೆ ಅಹಮದಾಬಾದಿನ ಐಪಿಎಲ್ ಫೈನಲ್ ನಡೆಯುತ್ತಿತ್ತು. 18ನೇ ಸೀಸನ್ನಿನಲ್ಲಿ ಆರ್‌ಸಿಬಿ ಕಪ್ಪಿನ ಹತ್ತಿರ ಬಂದಿದೆ, ಕೊನೆಯ ಓವರ್ ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ವಾಟ್ಸ್ಆ್ಯಪ್ ಟಿಂಗ್ ಎಂದಿತು. ಗಿರಿನಗರದ ತಮ್ಮ: "ಅಣ್ಣಾ, ಕೊಹ್ಲಿ ಅಳ್ತಾ ಇದಾನೆ!" ಪರದೆಯ ಕೊಹ್ಲಿ ಇನ್ನೂ ಗಂಟುಮೋರೆಯಲ್ಲಿ ಫೀಲ್ಡ್ ಸರಿಮಾಡುತ್ತಿದ್ದ. ಆರು ರನ್ನಿನ ಗೆಲುವನ್ನು ಕಡ್ಡಿರಾಯರು ಎರಡು ಸಲ ಅನುಭವಿಸಿದರು, ಎರಡೂ ಸಲ ಅರೆಬರೆ.

ಶಿವರಾತ್ರಿಗೆ ಅಮ್ಮ ಮೈಸೂರಿಗೆ ಹೊರಟರು. ಅದರ ಮರುದಿನವೂ ಬೆಳಗ್ಗೆ 8.30ಕ್ಕೆ ಎಡಿಸನ್ನಿನ ಟಿವಿ ಹತ್ತಿಕೊಂಡಿತು. ಸ್ಟ್ರೀಮ್ ಸರಿಯಾಗಿದೆಯೇ ಎಂದು ನೋಡಲು ಅಷ್ಟೇ ಎಂದರು ಕಡ್ಡಿರಾಯರು. ಹೆಂಡತಿ ಏನೂ ಹೇಳದೆ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋದರು. ಅದೇ ವಾರದ ಗುರುವಾರ, ವಿಷದ ಲೋಟ ಯಾರ ಕೈಗೆ ಹೋಯಿತೆಂದು ತಿಳಿಯುವ ಕ್ಷಣದಲ್ಲೇ ಚಕ್ರ ತಿರುಗಲು ಶುರುವಾಯಿತು. ಎರಡು ದಿನ ತಡೆದು, ಶನಿವಾರ ಬೆಳಗ್ಗೆ ಅಮ್ಮನಿಗೆ ಫೋನು ಮಾಡಿ, ಆರೋಗ್ಯ, ಮಾತ್ರೆ, ಬಿಸಿಲು ಎಲ್ಲ ವಿಚಾರಿಸಿ, ಮೆಲ್ಲಗೆ ಕೇಳಿದರು: "ಅಂದಹಾಗೆ ಗುರುವಾರ ಆ ಹಾಲು ಯಾರು ಕುಡಿದ್ರು?"

"ಯಾವ ಹಾಲೋ? ಓ, ಅದಾ? ಇಲ್ಲಿಗೆ ಬಂದಮೇಲೆ ಎಲ್ಲಿ ನೋಡ್ತೀನಿ. ಸಂಜೆಯಾದ್ರೆ ಪಕ್ಕದ ಮನೆಯವರು ಬರ್ತಾರೆ, ಭಜನೆಗೆ ಹೋಗ್ಬೇಕು. ನಿಮ್ಮ ಭಾವನ್ನ ಕೇಳು. ರಿಟೈರಾದಮೇಲೆ ಒಂದೂ ಬಿಡಲ್ಲ ಅವರು."

ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡರು. ಆಮೇಲೆ ಕುವೆಂಪುನಗರಕ್ಕೆ ಫೋನು ಹೋಯಿತು. ಅಲ್ಲಿ ನಡುರಾತ್ರಿ. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದ ಭಾವ, ಹಲೋ ಸಹ ಎನ್ನದೆ, "ಇನ್ನೂ ಬಂದಿಲ್ಲ ಕಣಯ್ಯಾ, ಸ್ವಲ್ಪ ತಡಿ" ಎಂದರು.