ಬಾಯಿಗೂಡಿದ ಸವಾರ

ನಮ್ಮ ಗುರುಗುಂಟಾ ಸೀಮೆಯಲ್ಲಿ ಎತ್ತು ಕೊಳ್ಳುವುದಕ್ಕೆ ಒಂದು ಶಾಸ್ತ್ರವಿದೆ. ಹೋಳಿ ಹುಣ್ಣಿಮೆ ಹೊತ್ತಿಗೆ ಅಮರೇಶ್ವರ ಜಾತ್ರೆ ಕೂಡಿತೆಂದರೆ ತೇರು ಒಂದು ಕಡೆ, ದನದ ಸಂತೆ ಒಂದು ಕಡೆ. ಎತ್ತು ಹಿಡಿಯಲು ಬಂದವನು ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕರದೋ, ಆರರದೋ, ಇಲ್ಲಾ ಎಂಟೂ ಬಂದು ಬಾಯಿಗೂಡಿದ್ದೋ ನೋಡುತ್ತಾನೆ. ಮೈಮೇಲೆ ಕೆಟ್ಟ ಸುಳಿ ಇದೆಯೇ ಎಂದು ತಡವುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುತ್ತಾನೆ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ದುಡ್ಡು ಕಾಣುವುದಿಲ್ಲ. ನಮ್ಮಪ್ಪ ಮನಸ್ಸಿಗೆ ಬಂದ ಒಂದು ಜೋಡಿ ಹೋರಿಗಾಗಿ ಜಾತ್ರೆಯಿಂದ ಜಾತ್ರೆಗೆ ಕಾದವನು.

ಅಂಥವನ ಮಗನಾದ ನಾನು, ಐವತ್ತು ದಾಟಿದ ಗಣಿತದ ಮಾಸ್ತರ, ಬುಲೆಟ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸಲು ಕೂತಾಗ ಗೊತ್ತಾಯಿತು, ಬೈಕಿಗೆ ಶಾಸ್ತ್ರವೇ ಇಲ್ಲ. ಅದಕ್ಕೆ ಹಲ್ಲಿಲ್ಲ, ಸುಳಿಯಿಲ್ಲ. ಇಲ್ಲಿ ಹಲ್ಲು ಎಣಿಸಬೇಕಾದದ್ದು ಕೊಳ್ಳುವವನದು. ಆ ಕೆಲಸವನ್ನು ಊರು ಪುಕ್ಕಟೆ ಮಾಡಿಕೊಡುತ್ತದೆ.

ಈ ಹುಳವನ್ನು ತಲೆಗೆ ಬಿಟ್ಟವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ಆಗ ಫೋನು ಬಂತು. "ಮಾಮ, ಹತ್ತು ಪರ್ಸೆಂಟ್ ಇಳದೈತಿ. ಈಗ ತಗೊಳ್ಳಲಿಲ್ಲಂದ್ರ ಇನ್ನ್ಯಾವಾಗ ತಗೊಳ್ತೀರಿ?" 128 ಇದ್ದದ್ದು 118 ಆದರೆ ಅದು ಹತ್ತು ಪರ್ಸೆಂಟ್ ಅಲ್ಲ, ಎಂಟಕ್ಕೂ ಒಂಚೂರು ಕಡಿಮೆ ಎಂದು ನಾನು ತಿದ್ದಿದೆ. ಅವನು ಫೋನಿಟ್ಟ. ಆದರೆ ಹುಳ ಒಳಗೇ ಉಳಿಯಿತು.

ಈ ತೆರಿಗೆಯ ಗೆರೆ ನೋಡಿದಷ್ಟೂ ನಗು ಬರುತ್ತದೆ. 350 ಸಿಸಿ ದಾಟಿದ ಗಾಡಿಗೆ 40 ಪರ್ಸೆಂಟ್, ಬಾಟಲಿಯಲ್ಲಿ ಬುರುಬುರು ಎನ್ನುವ ತಂಪು ಪಾನೀಯಕ್ಕೆ ಹಾಕಿದಷ್ಟೇ. ಅಂದರೆ ಸರ್ಕಾರದ ಲೆಕ್ಕದಲ್ಲಿ ಗೆರೆಯ ಒಳಗಿದ್ದವನು ಸಂಸಾರಿ, ಹೊರಗಿದ್ದವನು ಚಟಗಾರ. ನಾನು ಬುಲೆಟ್ ಎನ್ನುತ್ತಿರುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಇಂಜಿನ್ನು ಅಳೆದು ನೋಡಿದರೆ 349 ಸಿಸಿ. ನನ್ನಂಥ ಸರ್ಕಾರಿ ನೌಕರನಿಗೆ ಇಷ್ಟು ಒಪ್ಪುವ ಧೈರ್ಯ ಬೇರೆ ಸಿಗದು.

ನನ್ನ ಆಸೆಯ ಬುಡ ಎಲ್ಲಿದೆ ಎಂದು ಕೇಳಿದರೆ ಹಳೆಯ ಕಾಲಕ್ಕೆ ಹೋಗಬೇಕು. ನಾವು ಹುಡುಗರಿದ್ದಾಗ ಬುಲೆಟ್ ಸದ್ದು ಕೇಳಿತೆಂದರೆ ಫೌಜದಾರ ಬಂದ ಎಂದೇ ಅರ್ಥ. ಚಾದಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಅಂಗಿಯೊಳಗೆ ಸೇರಿಸಿ ಸಭ್ಯರಾಗುತ್ತಿದ್ದರು. ನನಗೆ ಬೇಕೆನಿಸಿದ್ದು ಆ ಗಾಡಿಯಲ್ಲ, ಆ ಗಾಡಿ ಬರುವ ಮೊದಲೇ ಬರುತ್ತಿದ್ದ ಆ ಮರ್ಯಾದೆ. 1987ರಲ್ಲಿ 'ಪ್ರೇಮಲೋಕ' ಬಂತು. ರವಿಚಂದ್ರನ್ ಬೈಕಿನ ಮೇಲೆ ಕೂತದ್ದನ್ನು ನೋಡಿ ಬಂದವರೆಲ್ಲ ತಿಂಗಳುಗಟ್ಟಲೆ ಬಾಡಿಗೆ ಸೈಕಲ್ಲನ್ನೇ ಬೈಕೆಂದು ತಿಳಿದು ಓಡಿಸಿದೆವು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರ ಕೈಯಲ್ಲಿ ಯಮಹಾ ಆರ್‌ಎಕ್ಸ್ 100 ಕಾಣತೊಡಗಿತು. 98 ಸಿಸಿ, 11 ಕುದುರೆ ಶಕ್ತಿ. ಅದು ಹೋದ ಮೇಲೂ ಓಣಿಯಲ್ಲಿ ಹೊಗೆಯ ವಾಸನೆ ಉಳಿಯುತ್ತಿತ್ತು, ನಮ್ಮ ಹೊಟ್ಟೆಯಲ್ಲಿ ಉರಿ. ನೌಕರಿ ಸಿಕ್ಕರೆ ಮೊದಲ ಸಂಬಳದಲ್ಲಿ ಒಂದು ಯಜ್ಡಿಯೋ ಆರ್‌ಎಕ್ಸೋ ಎಂದು ಆಣೆ ಮಾಡಿಕೊಂಡಿದ್ದೆ. ನನಗೆ ನೌಕರಿ ಸಿಗುವ ಹೊತ್ತಿಗೆ 1996 ಬಂತು. ಅದೇ ವರ್ಷ ಯಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿತು, ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಉಳಿದದ್ದು ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಸ್ಪ್ಲೆಂಡರ್. ಅಂದಿನಿಂದ ನಾನು ಸ್ಪ್ಲೆಂಡರ್ ಸಂಸಾರಿ.

ಈಗ ಮಕ್ಕಳ ಓದು ಮುಗಿದಿದೆ, ಮನೆ ಸಾಲ ತೀರಿದೆ. ಆದರೆ ಊರಿನ ತಕರಾರು ತೀರಬೇಕಲ್ಲ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಕೂತಿತ್ತು. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿತ್ತು. ಅಶೋಕನಿಗೆ ಸಿಕ್ಕ ಆ ಗುಟ್ಟಿನ ಭಾಗ್ಯ ನನಗಿಲ್ಲ. ನಾನು ಮೊಬೈಲಿನಲ್ಲಿ ಬುಲೆಟ್ಟಿನ ಚಿತ್ರ ನೋಡಿದ್ದು ಬೆಳಿಗ್ಗೆ, ಬಸ್‌ಸ್ಟ್ಯಾಂಡಿನಲ್ಲಿ. ಮಧ್ಯಾಹ್ನ ಒಗ್ಗರಣಿ ಮಿರ್ಚಿ ತಿನ್ನಲು ಕೂತಲ್ಲಿ ವಿಚಾರಣೆ ಶುರು.

"ಯಾಕ್ರೀ ಮಾಸ್ತರ, ಬುಲೆಟ್ ತಗೊಳ್ಳಾಕತ್ತೀರಂತ?"

"ಇನ್ನಾ ಇಚಾರ ಮಾಡಾಕತ್ತೀನಿ ಕಾಕಾ."

"ಏನ್ ಇಚಾರ ಮಾಡ್ತೀರಿ? ತಗೊಳ್ಳೋ ವಯಸ್ಸಿನಾಗ ರೊಕ್ಕ ಇರಲಿಲ್ಲ, ರೊಕ್ಕ ಬಂದ ವಯಸ್ಸಿನಾಗ ಟೊಂಕ ಇಲ್ಲ."

ಪಕ್ಕದ ಬೆಂಚಿನವನು ಇನ್ನೂ ಮುಂದೆ ಹೋದ. ತನ್ನ ತಮ್ಮನ ಮದುವೆ ವೈಶಾಖದಲ್ಲಿದೆ, ಮೆರವಣಿಗೆಗೆ ನನ್ನ ಬುಲೆಟ್ಟೇ ಬೇಕೆಂದು ಮುಂಗಡ ಹೇಳಿಟ್ಟ. ನಾನಿನ್ನೂ ಶೋರೂಮಿನ ದಾರಿ ತುಳಿದಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಮಾತ್ರ ಕುಶಾಲು ಮಾಡಲಿಲ್ಲ. ಅವನಿಗೆ ಬುಲೆಟ್ ಎಂದರೆ ಭಕ್ತಿಯ ವಿಷಯ. ಹಳೆಯ ಗಾಡಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತೆಂದೂ, ಆಂಪಿಯರ್ ಮುಳ್ಳು ನಡುವೆ ಬರುವವರೆಗೆ ಸಣ್ಣ ಲಿವರು ಹಿಡಿದು ಕಿಕ್ಕನ್ನು ಮೆಲ್ಲಗೆ ಒತ್ತಿ, ಆಮೇಲೆ ಲಿವರು ಬಿಟ್ಟು ಒಂದೇ ಸಲ ತುಳಿಯಬೇಕಿತ್ತೆಂದೂ, ಲೆಕ್ಕ ತಪ್ಪಿದರೆ ಕಿಕ್ಕು ತಿರುಗಿ ಬಂದು ಮೊಣಕಾಲು ಕೇಳುತ್ತಿತ್ತೆಂದೂ ವಿವರಿಸಿದ. "ಈಗೇನೈತ್ರಿ ಸರ್, ಬಟನ್ ಒತ್ತಿದ್ರ ಹೊಂಟ್ತು. ಅದಕ್ಕ ನಿಮ್ಮಂಥೋರೂ ತಗೊಳ್ಳಾಕತ್ತಾರ." ಹೊಗಳಿದನೋ ತೆಗಳಿದನೋ ಇವತ್ತಿಗೂ ಬಗೆಹರಿದಿಲ್ಲ.

ಗಾಡಿಯ ತೂಕ 195 ಕಿಲೋ. ತೊಗರಿ ಬೆಳೆಯುವ ಊರಿನಲ್ಲಿ ತೂಕ ಯಾರಿಗೂ ಬರೀ ಅಂಕಿಯಲ್ಲ. ಎರಡು ಕ್ವಿಂಟಲಿಗೆ ಐದು ಕಿಲೋ ಕಮ್ಮಿ. ಒಂದು ಕ್ವಿಂಟಲ್ ಚೀಲವನ್ನು ಹಮಾಲರು ಎತ್ತುವಾಗ ಅವರ ಕತ್ತಿನ ನರ ಹೇಗೆ ಉಬ್ಬುತ್ತದೆಂದು ನೋಡಿದವನು ನಾನು. ಅಂಥ ಎರಡು ಚೀಲ ಒಟ್ಟಿಗೆ ನನ್ನ ಎಡಗಾಲ ಕಡೆ ವಾಲಿದರೆ ಏನು ಗತಿ? ನಿಂತ ಗಾಡಿ ಬೀಳುವುದು ವೇಗದಲ್ಲಲ್ಲ, ಮನೆ ಮುಂದೆ, ಎದುರು ಮನೆಯವರು ಕಟ್ಟೆ ಮೇಲೆ ಕೂತಿರುವಾಗ.

ಅದಕ್ಕಿಂತ ದೊಡ್ಡ ಮಾತು ನಮ್ಮ ಎರಿ ಮಣ್ಣು. ಹೊಲದ ದಾರಿಗೆ ಒಂದು ಹದ ಮಳೆ ಬಿತ್ತೆಂದರೆ ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮಣ್ಣು ಟೈರಿಗೆ ಸುತ್ತಿಕೊಳ್ಳುತ್ತದೆ. ಟೈರಿನಿಂದ ಮಡ್‌ಗಾರ್ಡಿಗೆ ಏರುತ್ತದೆ. ನಡುವಿನ ಸಂದು ತುಂಬುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ಇಂಜಿನ್ನು ಗುಡುಗುತ್ತದೆ, ಕ್ಲಚ್ಚು ನಾರುತ್ತದೆ, ಚಕ್ರ ಮಾತ್ರ ಅಲುಗುವುದಿಲ್ಲ. ಆಗ ಇಳಿಯಬೇಕು, ಚಪ್ಪಲಿಗೂ ಒಂದೊಂದು ಕಿಲೋ ಮಣ್ಣು ಹತ್ತಿಸಿಕೊಳ್ಳಬೇಕು, ಜಾಲಿ ಕಟ್ಟಿಗೆ ಮುರಿದು ಸಂದಿಯಲ್ಲಿ ತೂರಿಸಿ ಕೆರೆಯಬೇಕು, ಹತ್ತು ಮಾರು ಹೋಗಿ ಮತ್ತೆ ಕೆರೆಯಬೇಕು. ಸ್ಪ್ಲೆಂಡರನ್ನಾದರೆ ಬದುವಿನ ಮೇಲೆ ಎಳೆದು ಹಾಕಬಹುದು, 112 ಕಿಲೋ ಅಷ್ಟೆ. ಬುಲೆಟ್ಟನ್ನು ಎಳೆಯಲು ಟ್ರ್ಯಾಕ್ಟರ್ ಬರಬೇಕು. ಟ್ರ್ಯಾಕ್ಟರಿನವನು ಅದನ್ನು ವೀಡಿಯೊ ಮಾಡದೆ ಬಿಡುವುದಿಲ್ಲ.

ಹಾಗಾದರೆ ಡಾಂಬರು ರಸ್ತೆ? ನಮ್ಮೂರ ಪಕ್ಕದ್ದು ಸಣ್ಣ ರಸ್ತೆಯೇನಲ್ಲ, 150ಎ ರಾಷ್ಟ್ರೀಯ ಹೆದ್ದಾರಿ. ಈ ಕಡೆ ಲಿಂಗಸುಗೂರು, ಮಸ್ಕಿ, ಸಿಂಧನೂರು. ಆ ಕಡೆ ಕೃಷ್ಣೆಯ ಮೇಲಿನ ತಿಂಥಣಿ ಸೇತುವೆ, ಸುರಪುರ. ಸಿಂಧನೂರಿನ ಕ್ಯಾಂಪುಗಳ ಕಡೆ ಭತ್ತದ ದುಡ್ಡು ಕೈಗೆ ಬಂದ ಮೇಲೆ ಬುಲೆಟ್ಟುಗಳು ಸಾಲುಸಾಲಾಗಿ ಕಾಣುತ್ತವೆ. ತುಂಗಭದ್ರಾ ಕಾಲುವೆ ಕೊಟ್ಟ ಸೊಕ್ಕು ಅದು. ನಮ್ಮ ಕಡೆ ಹೆದ್ದಾರಿಯಿದ್ದರೂ ವೇಗದ ಮೇಲೆ ಊರಿನ ಹಿಡಿತವಿದೆ. ಹಂಪು ದಾಟಿದರೆ ಕುರಿ ಹಿಂಡು, ಕುರಿ ಹೋದರೆ ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಟಂಟಂ, ಅದೂ ಹೋದರೆ ಹುರುಳಿ ಹಾಸಿ ಒಕ್ಕಣೆಗೆ ಬಿಟ್ಟ ಅರ್ಧ ರಸ್ತೆ. ಹುರುಳಿಯ ಮೇಲೆ ಬ್ರೇಕು ಹಿಡಿದವನಿಗೆ ಕುದುರೆ ಶಕ್ತಿಯ ಗಣಿತ ಬೇರೆ ಕಲಿಸಬೇಕಿಲ್ಲ.

ಆ ಗಣಿತವೂ ಸ್ವಾರಸ್ಯದ್ದೇ. ಉಗಿಯಂತ್ರ ಮಾರಲು ಜೇಮ್ಸ್ ವಾಟ್ ಕುದುರೆಯ ಲೆಕ್ಕ ತೆಗೆದ, ನಾವಿನ್ನೂ ಅದರಲ್ಲೇ ಇದ್ದೇವೆ. ಸ್ಪ್ಲೆಂಡರಿಗೆ ಹತ್ತಿರ ಹತ್ತಿರ ಎಂಟು ಕುದುರೆ, ಕ್ಲಾಸಿಕ್ಕಿಗೆ 20. ನಮ್ಮದು ಸಂಸ್ಥಾನವಾಗಿದ್ದ ಊರು. ನಾಯಕರ ಕಾಲದಲ್ಲಿ 20 ಕುದುರೆ ಕಟ್ಟಿದವನು ದಂಡಿಗೆ ಹೋಗುತ್ತಿದ್ದನೇನೋ. ನಾನು 20 ಕುದುರೆ ಹೂಡಿಕೊಂಡು ಹೋಗಬೇಕಾದದ್ದು ಶಾಲೆಗೆ, ಬರುವಾಗ ಪುಂಡಿಪಲ್ಯ ತರಲಿಕ್ಕೆ. ಶಾಲೆಯ ವಿಷಯದಲ್ಲಿ ಇನ್ನೊಂದು ನಷ್ಟವಿದೆ. ಸ್ಪ್ಲೆಂಡರ್ ಗೇಟಿಗೆ ಬಂದ ಮೇಲೆಯೇ ಹುಡುಗರಿಗೆ ಗೊತ್ತಾಗುತ್ತದೆ, ಗದ್ದಲ ಮಾಡುವವರು ಸಿಕ್ಕಿಬೀಳುತ್ತಾರೆ. ಬುಲೆಟ್ಟಾದರೆ ಎರಡು ಹೊಲದಾಚೆಯೇ ಕೇಳಿಸಿಕೊಂಡು ಎಲ್ಲರೂ ಪುಸ್ತಕ ತೆರೆದು ಕೂತಿರುತ್ತಾರೆ. ಫೌಜದಾರನ ಮರ್ಯಾದೆ ಮಾಸ್ತರನಿಗೆ ಬಂದರೆ ಮಾಸ್ತರನ ಕೆಲಸ ಕೆಡುತ್ತದೆ.

ಬೆಂಗಳೂರಿನ ಅಳಿಯನ ಬಳಿ ಇದೆಲ್ಲ ಹೇಳಿದರೆ ಅವನು ಲಡಾಖಿನ ಮಾತು ತೆಗೆದ. ನಡುವಯಸ್ಸಿನವರು ಬುಲೆಟ್ ಕೊಳ್ಳುವುದೇ ಲಡಾಖಿಗಂತೆ. ಖರ್ದುಂಗ್ ಲಾ, ಐದು ಸಾವಿರ ಮೀಟರಿಗೂ ಮೇಲೆ, ಉಸಿರಾಡಲು ಗಾಳಿ ಸಾಲದಂತೆ. ಏಪ್ರಿಲ್ ಮೇನಲ್ಲಿ ರಾಯಚೂರು ಜಿಲ್ಲೆಯ 40 ಡಿಗ್ರಿ ದಾಟಿದ ಬಿಸಿಲಲ್ಲಿ ನಮಗೆ ಇಲ್ಲೇ ಉಸಿರಾಡಲು ಗಾಳಿ ಸಾಲುವುದಿಲ್ಲ. ಅದಕ್ಕೆ ರಜೆ ಹಾಕಿ ಅಷ್ಟು ದೂರ ಹೋಗಬೇಕೇ?

ಇಷ್ಟೆಲ್ಲ ಅಡ್ಡಿ ಎಣಿಸಿದ ಮೇಲೂ ಆಸೆ ಮಾತ್ರ ಕೂತಲ್ಲೇ ಕೂತಿತ್ತು. ಕಾನೂನಾದರೂ ತಡೆಯುತ್ತದೆಯೇ ಎಂದು ನೋಡಿದೆ. ಇಂಗ್ಲೆಂಡಿನಲ್ಲಿ ಹುಡುಗರಿಗೆ 17ಕ್ಕೆ ಸಣ್ಣ ಗಾಡಿ, 19ಕ್ಕೆ ಮಧ್ಯಮದ್ದು, ಹೀಗೆ ಮೆಟ್ಟಿಲು ಹತ್ತಿಸಿ ದೊಡ್ಡ ಗಾಡಿ ಕೊಡುತ್ತಾರೆ. ನಮ್ಮಲ್ಲಿ ಗೇರಿನ ಬೈಕಿಗೆ ಒಂದೇ ಲೈಸೆನ್ಸು. ಸ್ಪ್ಲೆಂಡರ್ ಓಡಿಸುವವನು ಅದೇ ಕಾರ್ಡಿನಲ್ಲಿ ಏನನ್ನಾದರೂ ಓಡಿಸಬಹುದು. ಆದರೆ 40 ದಾಟಿದವನು ಲೈಸೆನ್ಸು ಹೊಸದು ಮಾಡಿಸುವಾಗ ಡಾಕ್ಟರರ ಸರ್ಟಿಫಿಕೇಟು ತರಬೇಕು, 55 ಆದ ಮೇಲೆ ಐದೈದು ವರ್ಷಕ್ಕೆ ಮಾತ್ರ ನವೀಕರಣ. ಅಂತೂ ಹಲ್ಲು ಎಣಿಸುವ ಶಾಸ್ತ್ರ ಆರ್‌ಟಿಓ ಆಫೀಸಿನಲ್ಲೂ ಇದೆ ಎಂದು ತಿಳಿದು ನಮ್ಮಪ್ಪನ ಮೇಲೆ ಗೌರವ ಹೆಚ್ಚಾಯಿತು.

ಉಳಿದವಳು ಮನೆಯಾಕೆ. ಅವಳಿಗೆ ನಾನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು: "ಏನ್ರೀ, ಲಗ್ನದಾಗ ನಮ್ಮಪ್ಪ ಗಾಡಿ ಕೊಡಲಿಲ್ಲಂತ ಈಗ ಸಿಟ್ಟು ತೀರಿಸಿಕೊಳ್ಳಾಕತ್ತೀರೇನು?" ಇದಕ್ಕೆ ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. ಸುಮ್ಮನೆ ಊಟ ಮಾಡಿದೆ. ಮರುದಿನ ಭಾನುವಾರ, "ನಡೀರಿ, ನೋಡಿಕೊಂಡರ ಬರೋಣು" ಎಂದು ಅವಳೇ ಸ್ಪ್ಲೆಂಡರಿನ ಹಿಂದೆ ಕೂತಳು.

ಲಿಂಗಸುಗೂರಿನ ಶೋರೂಮಿನಲ್ಲಿ ನಾನು ಗಾಡಿಯ ಸುತ್ತ ತಿರುಗುತ್ತಿದ್ದರೆ ಅವಳು ನೆಟ್ಟಗೆ ಹಿಂದಿನ ಸೀಟಿಗೆ ಹೋದಳು. ಅಂಗೈಯಿಂದ ಒತ್ತಿ ನೋಡಿದಳು. ಸೀರೆ ಸಿಕ್ಕದಂತೆ ಹಾಕುವ ಗಾರ್ಡನ್ನು ಹಿಡಿದು ಅಲುಗಾಡಿಸಿದಳು. ಕಾಲಿಡುವ ಕಂಬಿ ಎಲ್ಲಿದೆ, ಒಂದೇ ಕಡೆ ಕಾಲು ಹಾಕಿ ಕೂತರೆ ಸೈಲೆನ್ಸರ್ ಕಾಲಿಗೆ ಸುಡುತ್ತದೆಯೇ ಎಂದು ಕೇಳಿದಳು. ಅಂಗಡಿಯ ಹುಡುಗ ಉಮೇದಿಯಿಂದ, "ಆಂಟಿ, ಬೇಕಂದ್ರ ಹಿಂದಿನ ಸೀಟು ಬಿಚ್ಚಬಹುದು ರೀ, ಸರ್ ಒಬ್ಬರ ಹೋಗುವಾಗ ಮಸ್ತ್ ಕಾಣ್ತೈತಿ" ಎಂದ. ಅವಳು ನೋಡಿದ ನೋಟಕ್ಕೆ ಹುಡುಗ ಆ ಮಾತು ಮತ್ತೆ ಎತ್ತಲಿಲ್ಲ.

ಫಾರಂ ತಂದು ಕೂತು ಹೆಸರು, ವಯಸ್ಸು ಕೇಳಿದ. ವಯಸ್ಸು ಹೇಳಿದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ, ಇನ್ಶೂರೆನ್ಸಿನಲ್ಲಿ ಮಾಲೀಕ ಓಡಿಸುವಾಗಿನ ಅಪಘಾತಕ್ಕೆ 15 ಲಕ್ಷದ ಕವರ್ ಇರುತ್ತದೆ, ನಾಮಿನಿ ಯಾರು ಎಂದ.

"ಎಷ್ಟಂದಿ?" ಎಂದಳು ಇವಳು.

"15 ಲಕ್ಷ ರೀ."

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಅಮರೇಶ್ವರ ಜಾತ್ರೆಯ ಯಾವ ದಲ್ಲಾಳಿಯೂ ಯಾವ ಎತ್ತನ್ನೂ ಹಾಗೆ ನೋಡಿರಲಾರ. "ಬರ್ಕೋ, ನಾನs ನಾಮಿನಿ" ಎಂದು ಊರು, ಹೆಸರು ಎಲ್ಲ ಬಿಡಿಸಿ ಹೇಳಿದಳು. ಹೇಳುತ್ತಲೇ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಹುಡುಗನೂ ನಕ್ಕ. ನಾನು ಬುಕಿಂಗ್ ದುಡ್ಡಿಗೆ ಎಂದು ಕೈ ಹಾಕಿದ್ದ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

"ಬಣ್ಣ ಯಾವುದು ಸರ್? ಕರಿದು ಭಾಳ ಓಡಾಕತ್ತೈತಿ."

"ಕರಿದು ಬ್ಯಾಡ, ಧೂಳ ಕಾಣ್ತೈತಿ" ಎಂದಳು ಅವಳು. "ಇವರು ಇನ್ನಾ ಇಚಾರ ಮಾಡ್ತಾರ, ಮಾಡ್ಲಿ. ನೀ ಮೊದಲು ಹೆಲ್ಮೆಟ್ ತೋರಿಸು. ಹಿಂದ ಕೂತವರಿಗೂ ಬೇಕಲ್ಲ?"

ಹುಡುಗ ಒಂದೊಂದಾಗಿ ಇಳಿಸಿದ. ಮೊದಲನೆಯದು ಬಿಗಿ. ಎರಡನೆಯದು ಕಿವಿ ತನಕ ಬಂದು ನಿಂತಿತು. ಅಂಗಡಿಯ ಎಲ್ಲ ಸೈಜು ಮೇಜಿನ ಮೇಲೆ ಬಂದವು. ಪಕ್ಕದಲ್ಲಿ ಗಾಡಿ ನೋಡಲು ಬಂದಿದ್ದ ಇಬ್ಬರು ಹೆಂಗಸರೂ ಬಂದು ಕೈಹಚ್ಚಿದರು.

"ಇನ್ನಾ ದೊಡ್ಡದು ಇಲ್ಲೇನಪ್ಪಾ? ತುರುಬು ಹಿಡೀಬೇಕಲ್ಲ ಇದರಾಗ!"